ಟ್ರ್ಯಾಕ್ಟರಿನ ಹೈಡ್ರಾಲಿಕ್ ಆಯಿಲ್: ಬದಲಿಸುವ ಮುನ್ನ ನಾನು ನೋಡುವುದು

ತುಂಗಭದ್ರಾ ಎಡದಂಡೆ ಕಾಲುವೆಯ ನೀರನ್ನು ನಂಬಿ ಭತ್ತ ಬೆಳೆಯುವ ಸಿಂಧನೂರು ತಾಲ್ಲೂಕಿನಲ್ಲಿ ನಮ್ಮ ಜಮೀನಿದೆ. 2016ರಲ್ಲಿ ಕೊಂಡ ಟ್ರ್ಯಾಕ್ಟರ್ ಸ್ವಂತ ಗದ್ದೆಯಲ್ಲೂ ಬಾಡಿಗೆಗೂ ದುಡಿಯುತ್ತಿದೆ. ಹಿಂದಿನ ಲಿಫ್ಟಿಗೆ ಉಪಕರಣ ಎತ್ತುವ ಬಲ ಕೊಡುವ ಅದರ ಹೈಡ್ರಾಲಿಕ್ ಆಯಿಲನ್ನು ನಾನು ಒಮ್ಮೆ ಬದಲಿಸುವ ಅಗತ್ಯವಿಲ್ಲದಾಗ ಬದಲಿಸಿದೆ, ಇನ್ನೊಮ್ಮೆ ಬದಲಿಸಲೇಬೇಕಾದಾಗ ಹಾಗೆಯೇ ಬಿಟ್ಟೆ.

ಮೊದಲನೆಯದು ಲಿಫ್ಟಿಗೆ ಸಂಬಂಧಿಸಿದ್ದು. ಮಣ್ಣು ಪುಡಿಮಾಡುವ ರೋಟವೇಟರ್ ಎತ್ತಿ ಎಂಜಿನ್ ನಿಲ್ಲಿಸಿದರೆ ಹತ್ತೇ ನಿಮಿಷದಲ್ಲಿ ಅದು ನೆಲಕ್ಕೆ ಇಳಿಯುತ್ತಿತ್ತು. ಆಯಿಲ್ ತೆಳ್ಳಗಾಗಿದೆ ಎಂದು ಮೆಕ್ಯಾನಿಕ್ ಹೇಳಿದ ಮಾತನ್ನು ನಂಬಿ, ಜೇನಿನ ಬಣ್ಣದಲ್ಲಿ ತಿಳಿಯಾಗಿದ್ದ ಅಷ್ಟೂ ಆಯಿಲನ್ನು ಬಸಿದು ಹೊಸದನ್ನು ತುಂಬಿಸಿದೆ. ಮರುದಿನವೂ ರೋಟವೇಟರ್ ಹಾಗೆಯೇ ಇಳಿಯಿತು. ಲಿಫ್ಟಿನ ಮೇಲ್ಮುಚ್ಚಳ ಬಿಚ್ಚಿ ನೋಡಿದಾಗ ಪಿಸ್ಟನ್ನಿನ ರಬ್ಬರ್ ರಿಂಗ್ ಗಟ್ಟಿಯಾಗಿ ಬಿರುಕು ಬಿಟ್ಟಿತ್ತು. ಎಂಜಿನ್ ನಿಂತ ಮೇಲೆ ಎತ್ತಿದ ಭಾರ ಬೇಗ ಇಳಿಯುತ್ತಿದ್ದರೆ ಸೀಲಿನಲ್ಲೋ ವಾಲ್ವಿನಲ್ಲೋ ಸೋರಿಕೆ ಇರುವುದೇ ಹೆಚ್ಚು. ಹೊಸ ಆಯಿಲ್ ಅದನ್ನು ಸರಿಪಡಿಸುವುದಿಲ್ಲ.

ಹಣ ವ್ಯರ್ಥವಾದ ಬೇಸರದಲ್ಲಿ, ಕಣ್ಣಿಗೆ ಚೆನ್ನಾಗಿ ಕಾಣುತ್ತಿರುವಷ್ಟು ಕಾಲ ಆಯಿಲ್ ಮುಟ್ಟಬಾರದು ಎಂದು ನಿಶ್ಚಯಿಸಿದೆ. ಇದೇ ನನ್ನ ದೊಡ್ಡ ತಪ್ಪು. ಎಂಜಿನ್ ಆಯಿಲಿನಂತೆ ಇದಕ್ಕೆ ಉರಿದ ಡೀಸೆಲ್ಲಿನ ಮಸಿ ಸೇರುವುದಿಲ್ಲವಾದ್ದರಿಂದ, ಶಕ್ತಿ ಕುಂದಿದ ಮೇಲೂ ಬಣ್ಣ ಅಷ್ಟಾಗಿ ಕೆಡದಿರಬಹುದು. ಆಯಿಲ್ ಬದಲಿಸಲು ನಮ್ಮ ಟ್ರ್ಯಾಕ್ಟರಿನ ಪುಸ್ತಕ ಹೇಳುವ 1000 ಗಂಟೆ ದಾಟಿ, ಹಿಂದಿನ ಬದಲಾವಣೆಯಿಂದ ಅವರ್ ಮೀಟರಿನ ಲೆಕ್ಕ 1400 ಗಂಟೆಯ ಹತ್ತಿರ ಬಂದರೂ ನಾನು ಸುಮ್ಮನಿದ್ದೆ. ಆ ಮುಂಗಾರಿನಲ್ಲಿ ಕೆಸರಿಗಾಗಿ ಬಳಸುವ ಕಬ್ಬಿಣದ ಪಟ್ಟಿಗಳ ಕೇಜ್‌ವೀಲ್ ಹಾಕಿಕೊಂಡು ಆಕ್ಸಲ್ ಮುಳುಗುವ ಕೆಸರಿನಲ್ಲಿ ವಾರಗಟ್ಟಲೆ ಬಾಡಿಗೆ ಕೆಲಸ ಮಾಡಿದೆವು. ನಾಟಿ ಮುಗಿಯುವ ಹೊತ್ತಿಗೆ ಲಿಫ್ಟ್ ತಡೆದು ತಡೆದು ಏಳತೊಡಗಿತು, ಪಂಪಿನಿಂದ ಕೀರಲು ಸದ್ದು ಕೇಳಿಸಿತು. ಅಳತೆ ಕಡ್ಡಿ ಎಳೆದು ನೋಡಿದರೆ ಆಯಿಲ್ ಮಜ್ಜಿಗೆಯಂತಾಗಿತ್ತು.

ಬಿಸಿಯಾದ ಹೌಸಿಂಗ್ (ಆಕ್ಸಲ್ಲನ್ನೂ ಗೇರುಗಳನ್ನೂ ಮುಚ್ಚಿರುವ ಲೋಹದ ಪೆಟ್ಟಿಗೆ) ತಣ್ಣನೆಯ ನೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗುತ್ತದೆ, ಆಗ ಸವೆದ ಆಕ್ಸಲ್ ಸೀಲಿನ ಸಂದಿಯಿಂದ ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ನೀರು ಬೆರೆತ ಆಯಿಲ್ ಲೋಹದ ಮೇಲೆ ಗಟ್ಟಿ ಪೊರೆಯಾಗಿ ನಿಲ್ಲಲಾರದು, ತುಕ್ಕನ್ನೂ ಹಿಡಿಸುತ್ತದೆ. ಕೆಸರೂ ಜಿಗುಟೂ ಆಯಿಲ್ ಸೋಸುವ ಜಾಲರಿಯನ್ನು ಮುಚ್ಚಿ ಪಂಪಿಗೆ ಸಾಕಷ್ಟು ಆಯಿಲ್ ಸಿಗದಂತಾದದ್ದೇ ಆ ಸದ್ದಿಗೆ ಕಾರಣವಾಗಿತ್ತು. ಪಂಪಿನ ಗೇರುಗಳಲ್ಲಿ ಗೀರು ಬಿದ್ದಿದ್ದರಿಂದ ಆಯಿಲಿನ ಜೊತೆಗೆ ಪಂಪನ್ನೂ ಹಾಕಿಸಬೇಕಾಯಿತು.

ಈಗ ನಾಟಿ ಮುಗಿದ ಮೇಲೆ ಟ್ರ್ಯಾಕ್ಟರನ್ನು ಸಮತಟ್ಟಿನಲ್ಲಿ ರಾತ್ರಿಯಿಡೀ ನಿಲ್ಲಿಸಿ, ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲೇ ಕೆಳಗಿನ ಡ್ರೈನ್ ಬೋಲ್ಟನ್ನು ತುಸು ಸಡಿಲಿಸಿ, ಮೊದಲು ಬರುವುದನ್ನು ಗಾಜಿನ ಬಾಟಲಿಗೆ ಹಿಡಿಯುತ್ತೇನೆ. ನೀರು ಭಾರವಾದ್ದರಿಂದ ತಳದಲ್ಲಿ ಕೂತು ಮೊದಲು ಹೊರಬರುತ್ತದೆ. ಅನುಮಾನವಿದ್ದರೆ ಕಾದ ಹಳೆಯ ಕಬ್ಬಿಣದ ತಟ್ಟೆಯ ಮೇಲೆ, ಬೆಂಕಿಯಿಂದ ಕೆಳಗಿಳಿಸಿ ಮುಖ ದೂರವಿಟ್ಟು, ಎರಡು ಹನಿ ಬಿಡುತ್ತೇನೆ. ನೀರಿದ್ದರೆ ಚಟಪಟ ಸಿಡಿಯುತ್ತದೆ, ಇಲ್ಲದಿದ್ದರೆ ಸದ್ದಿಲ್ಲದೆ ಹರಡುತ್ತದೆ. ಆಯಿಲ್ ಹಾಲಿನಂತೆ ಬೆಳ್ಳಗಾಗಿದ್ದರೆ ಎಷ್ಟು ಗಂಟೆ ಓಡಿದ್ದರೂ ಬದಲಿಸುತ್ತೇನೆ, ಆದರೆ ಸೀಲ್ ಹಾಕಿಸಿದ ಮೇಲೆಯೇ. ಸುಟ್ಟ ವಾಸನೆ ಬಂದರೂ ಬದಲಿಸುತ್ತೇನೆ. ಬೋಲ್ಟಿನ ಅಯಸ್ಕಾಂತಕ್ಕೆ ಬೂದು ಬಣ್ಣದ ನುಣ್ಣನೆಯ ಲೇಪ ಅಂಟಿದ್ದರೆ ಅದು ಸಹಜ ಸವೆತ. ಬೆರಳಿಗೆ ಸಿಗುವ ಲೋಹದ ಚೂರಿದ್ದರೆ ಮಾತ್ರ ಒಳಗೆ ಏನೋ ಮುರಿದಿದೆ ಎಂದು ತಿಳಿಯುತ್ತೇನೆ. ಇವು ಯಾವುವೂ ಇಲ್ಲದಿದ್ದರೆ 1000 ಗಂಟೆಯವರೆಗೆ ಕಾಯುತ್ತೇನೆ, ಜಾಲರಿಯನ್ನು ಮಾತ್ರ ನಡುವೆ ತೊಳೆಯುತ್ತಿರುತ್ತೇನೆ.

ಬಸಿಯುವಾಗ ಅರ್ಧ ಗಂಟೆ ಕೆಲಸ ಮಾಡಿಸಿ ಆಯಿಲ್ ಬೆಚ್ಚಗಾದ ಮೇಲೆ, ಲಿಫ್ಟ್ ಪೂರ್ತಿ ಇಳಿಸಿ, ಕೆಳಗಿರುವ ಎಲ್ಲ ಡ್ರೈನ್ ಬೋಲ್ಟುಗಳನ್ನೂ ಬಿಚ್ಚಬೇಕು. ನಮ್ಮದರಲ್ಲಿ ಗೇರು, ಹೈಡ್ರಾಲಿಕ್ ಮತ್ತು ಆಯಿಲಿನಲ್ಲೇ ಮುಳುಗಿರುವ ಬ್ರೇಕು ಮೂರಕ್ಕೂ ಒಂದೇ ಆಯಿಲ್. ಅಗ್ಗವೆಂದು ಬರಿಯ 68 ನಂಬರಿನ (ಆಯಿಲ್ ಎಷ್ಟು ಮಂದ ಎಂಬುದರ ದರ್ಜೆ) ಹೈಡ್ರಾಲಿಕ್ ಆಯಿಲ್ ತಂದು ಸುರಿದರೆ ಬ್ರೇಕು ಕಿರುಗುಟ್ಟುತ್ತದೆ, ಗೇರುಗಳಿಗೂ ತಕ್ಕ ರಕ್ಷಣೆ ಸಿಗದು. ಆದ್ದರಿಂದ ಪುಸ್ತಕದಲ್ಲಿ ಬರೆದ ದರ್ಜೆಯನ್ನು ಡಬ್ಬದ ಮೇಲೆ ಓದಿಯೇ ಕೊಳ್ಳುತ್ತೇನೆ. ಹಳೆಯದನ್ನು ಬದುವಿಗೆ ಚೆಲ್ಲದೆ ಕ್ಯಾನಿನಲ್ಲಿ ತುಂಬಿಡುತ್ತೇನೆ, ಏಕೆಂದರೆ ಅದು ಹರಿಯುವುದು ನಮ್ಮದೇ ಗದ್ದೆಗೆ.

ಟ್ರ್ಯಾಕ್ಟರಿನ ಹೈಡ್ರಾಲಿಕ್ ಆಯಿಲಿನಿಂದಲೇ ತೊಟ್ಟಿ ಎತ್ತಿ ಸುರಿಯುವ ಟಿಪ್ಪಿಂಗ್ ಟ್ರೈಲರಿನ ವಿಷಯ ಬಹಳ ತಡವಾಗಿ ನನ್ನ ಗಮನಕ್ಕೆ ಬಂತು. ಹೊಸ ಆಯಿಲ್ ಹಾಕಿಸಿದ ಕೆಲವೇ ವಾರಗಳಲ್ಲಿ ಅದು ಮತ್ತೆ ಮಂಜಾಗಿತ್ತು, ಸೀಲುಗಳೆಲ್ಲ ಸರಿಯಾಗಿಯೇ ಇದ್ದವು. ನಮ್ಮ ಟ್ರೈಲರನ್ನು ಊರಿನ ಬೇರೆ ಟ್ರ್ಯಾಕ್ಟರುಗಳಿಗೂ ಕೊಡುತ್ತಿದ್ದೆವು. ಪ್ರತಿ ಸಲ ಎತ್ತಿ ಇಳಿಸಿದಾಗ ಅವರ ಆಯಿಲ್ ಸಿಲಿಂಡರಿಗೆ ಹೋಗಿ, ಸ್ವಲ್ಪ ಅಲ್ಲೇ ಉಳಿದು, ಮುಂದೆ ನಮ್ಮ ಟ್ರ್ಯಾಕ್ಟರಿಗೆ ಸೇರುತ್ತಿತ್ತು. ಈಗ ಟ್ರೈಲರ್ ಹೊರಗೆ ಹೋಗಿ ಬಂದಾಗಲೆಲ್ಲ ಸಿಲಿಂಡರನ್ನೂ ಪೈಪನ್ನೂ ಬಸಿದು, ಜೋಡಣೆಯ ಬಾಯಿಯನ್ನು ಬಟ್ಟೆಯಿಂದ ಒರೆಸಿದ ಮೇಲೆಯೇ ನಮ್ಮ ಟ್ರ್ಯಾಕ್ಟರಿಗೆ ಸಿಕ್ಕಿಸುತ್ತೇನೆ.