ಹಿನ್ನೀರಿಗೆ ಯಾವ ಗಾಳದ ರಾಡ್? ಕೊಳ್ಳುವ ಮುನ್ನ ಹಿಡಿಕೆಯ ಮೇಲಿನ ಅಂಕಿ ಓದಿ

ಗಾಳದ ರಾಡ್ ಕೊಳ್ಳಲು ಹೋದವರಲ್ಲಿ ಹೆಚ್ಚಿನವರು ಅಂಗಡಿಯವರನ್ನು ಮೊದಲು ಕೇಳುವುದು, "ಇದು ಎಷ್ಟು ಕೆ.ಜಿ. ಮೀನು ತಡೀತದೆ?" ಅಂತ. ಇದಕ್ಕೆ ಸಿಗುವ ಉತ್ತರ ಉಪಯೋಗಕ್ಕೆ ಬರುವುದಿಲ್ಲ. ಓಡುವ ಮೀನನ್ನು ದಣಿಸುವ ಕೆಲಸ ಬಹುಪಾಲು, ಜಗ್ಗಿದಾಗ ದಾರವನ್ನು ತಡೆತಡೆದು ಬಿಡುವ ರೀಲಿನ ಡ್ರ್ಯಾಗ್‌ನದು. ರಾಡ್ ಮುರಿಯುವುದು ಸಾಮಾನ್ಯವಾಗಿ ಎಸೆಯುವಾಗ, ಇಲ್ಲವೇ ದಡಕ್ಕೆ ಬಂದ ಮೀನನ್ನು ಅವಸರದಲ್ಲಿ ಎತ್ತುವಾಗ. ಆದ್ದರಿಂದ ಮೊದಲು ಗೊತ್ತು ಮಾಡಿಕೊಳ್ಳಬೇಕಾದದ್ದು, ಎಷ್ಟು ಗ್ರಾಂ ಎಸೆಯುತ್ತೀರಿ, ಎಲ್ಲಿ ನಿಂತು ಎಸೆಯುತ್ತೀರಿ ಎಂಬುದು. ತುಂಗೆಯ ದಡದಲ್ಲಿ ತಲೆಯ ಮೇಲೆ ಬಾಗಿದ ಮರದಡಿ ಎಸೆಯುವುದೇ ಬೇರೆ, ಬೇಸಿಗೆಯಲ್ಲಿ ನೀರಿಳಿದ ಲಿಂಗನಮಕ್ಕಿ ಹಿನ್ನೀರಿನ ಬಯಲು ದಡದಲ್ಲಿ ಎಸೆಯುವುದೇ ಬೇರೆ.

ಹಿಡಿಕೆಯ ಮೇಲಿನ ಬರಹ

ರೀಲ್ ಕೂರುವ ಜಾಗದ ಸ್ವಲ್ಪ ಮೇಲೆ ಸಣ್ಣ ಅಕ್ಷರಗಳಲ್ಲಿ ನಾಲ್ಕು ಸಂಗತಿ ಬರೆದಿರುತ್ತದೆ: ಉದ್ದ, ಬಲ, ಎಸೆಯುವ ತೂಕ, ದಾರದ ಬಲ. ಇವು ಇಲ್ಲದ ರಾಡ್ ಎಷ್ಟೇ ಅಗ್ಗವಾಗಿದ್ದರೂ ಬಿಟ್ಟುಬಿಡಿ.

ಬಲವನ್ನು ಎಲ್, ಎಂ, ಎಂಎಚ್, ಎಚ್ ಎಂಬ ಅಕ್ಷರಗಳಲ್ಲಿ ಸೂಚಿಸುತ್ತಾರೆ. ಹಗುರ, ಮಧ್ಯಮ, ಮಧ್ಯಮಕ್ಕಿಂತ ಗಟ್ಟಿ, ಗಟ್ಟಿ ಎಂದು ಅರ್ಥ. ಒಂದು ಕಂಪನಿಯ ಎಂಎಚ್ ಇನ್ನೊಂದರ ಎಂ ಆಗಿರಬಹುದು, ಹಾಗಾಗಿ ಈ ಅಕ್ಷರಕ್ಕಿಂತ ಗ್ರಾಂ ಲೆಕ್ಕವನ್ನು ನಂಬಿ. ಕೆಲವು ರಾಡ್‌ಗಳಲ್ಲಿ ತೂಕ ಔನ್ಸ್‌ನಲ್ಲಿರುತ್ತದೆ. ಒಂದು ಔನ್ಸ್ ಎಂದರೆ ಸುಮಾರು 28 ಗ್ರಾಂ. ಕಾಲು ಔನ್ಸಿನಿಂದ ಮುಕ್ಕಾಲು ಔನ್ಸ್ ಎಂದಿದ್ದರೆ 7ರಿಂದ 21 ಗ್ರಾಂ ಎಂದು ಓದಿಕೊಳ್ಳಿ.

ದಾರದ ಬಲ ಪೌಂಡ್‌ನಲ್ಲಿರುತ್ತದೆ. ಎಡವುವುದು ಇಲ್ಲೇ. "20 ಪೌಂಡ್" ಎಂದು ಕಂಡ ಕೂಡಲೇ ಈ ರಾಡ್ ಒಂಬತ್ತು ಕಿಲೋ ಎತ್ತುತ್ತದೆ ಎಂದುಕೊಳ್ಳುತ್ತಾರೆ. ಆ ಅಂಕಿ ಹೇಳುವುದು ರಾಡಿಗೆ ಹೊಂದುವ ದಾರ ಯಾವುದು ಎಂಬುದನ್ನು ಮಾತ್ರ. ಅಂಥ ರಾಡಿನಲ್ಲಿ ಎರಡು ಕಿಲೋ ಭಾರವನ್ನು ನೆಲದಿಂದ ನೆಟ್ಟಗೆ ಎತ್ತಿದರೂ ತುದಿ ಉಳಿಯುವ ಭರವಸೆಯಿಲ್ಲ. ನೀರಿನಲ್ಲಿ ಮೀನಿನ ಭಾರವನ್ನು ನೀರೇ ಹೊರುವುದರಿಂದಲೇ ಎರಡು ಕಿಲೋ ಎಳೆತದಲ್ಲಿ ಎಂಟು ಕಿಲೋದ ಕಾಟ್ಲಾ ದಡಕ್ಕೆ ಬರುತ್ತದೆ. ದಡಕ್ಕೆ ಬಂದಮೇಲೆ ಬಲೆಚೀಲ ಬೇಕೇ ಬೇಕು.

ಹಿಟ್ಟಿನ ಉಂಡೆಯ ತೂಕ ಮರೆಯಬೇಡಿ

ಹಿನ್ನೀರಿನಲ್ಲಿ ಕಾಟ್ಲಾ, ರೋಹುಗಳಿಗೆ ಅಕ್ಕಿ ತೌಡು, ಶೇಂಗಾ ಹಿಂಡಿ ಕಲಸಿದ ಹಿಟ್ಟನ್ನು ಸ್ಪ್ರಿಂಗ್ ಗಾಳಕ್ಕೆ ಮೆತ್ತಿ ಎಸೆಯುತ್ತಾರೆ. ರಾಡ್ ಆರಿಸುವಾಗ ಎಲ್ಲರೂ ಸೀಸದ ತೂಕ ಲೆಕ್ಕ ಹಾಕುತ್ತಾರೆ, ಹಿಟ್ಟನ್ನು ಬಿಟ್ಟುಬಿಡುತ್ತಾರೆ. ನಿಂಬೆಹಣ್ಣಿನ ಗಾತ್ರದ ಒದ್ದೆ ಹಿಟ್ಟಿನ ಉಂಡೆ ಸುಮಾರು 50 ಗ್ರಾಂ ತೂಗುತ್ತದೆ. ಸುಲಿದ ಹಸಿ ಅಡಿಕೆಯ ಗಾತ್ರದ್ದು 15 ಗ್ರಾಂ ಆಸುಪಾಸು. ಸೀಸ, ಸ್ಪ್ರಿಂಗ್ ಸೇರಿ 40 ಗ್ರಾಂ ಇದ್ದು, ಮೇಲೆ ನಿಂಬೆ ಗಾತ್ರದ ಉಂಡೆ ಇಟ್ಟರೆ 90 ಗ್ರಾಂ ಆಯಿತು. 20ರಿಂದ 60 ಗ್ರಾಂ ಎಂದು ಬರೆದ ರಾಡಿನಲ್ಲಿ ಇದನ್ನು ಬೀಸಿ ಎಸೆದರೆ ಮೊದಲ ದಿನ ಏನೂ ಆಗದಿರಬಹುದು. ಕೋಲಿನ ಒಳಗೆ ಎಳೆ ಸಡಿಲುತ್ತಾ ಹೋಗಿ, ಒಂದು ದಿನ ಸಣ್ಣ ಮೀನಿಗೇ ಪಟ್ಟನೆ ಮುರಿಯುತ್ತದೆ. ಆಗ ದೂರು ರಾಡಿನ ಮೇಲೆ.

ಅಡುಗೆಮನೆಯ ತಕ್ಕಡಿಯಲ್ಲಿ ಒಮ್ಮೆ ಸೀಸ, ಗಾಳ, ಹಿಟ್ಟು ಎಲ್ಲವನ್ನೂ ಒಟ್ಟಿಗೆ ತೂಗಿ ನೋಡಿ. ಬಂದ ತೂಕ ರಾಡಿನ ಮೇಲ್ಮಿತಿಯ ಮುಕ್ಕಾಲು ಭಾಗ ದಾಟಬಾರದು. 90 ಗ್ರಾಂ ಎಸೆಯುವವರಿಗೆ 60ರಿಂದ 120 ಗ್ರಾಮಿನ ರಾಡ್ ಸರಿ. ಇದಕ್ಕೆ 9ರಿಂದ 10 ಅಡಿ ಉದ್ದ, ನಡುವಿನಿಂದ ಬಾಗುವ ಮಧ್ಯಮ ಆ್ಯಕ್ಷನ್ ಇರಲಿ. ಕಾಟ್ಲಾದ ತುಟಿ ಮೆದು. ತುದಿ ಮಾತ್ರ ಬಾಗುವ ಫಾಸ್ಟ್ ಆ್ಯಕ್ಷನ್ ರಾಡಿನಲ್ಲಿ ಜಗ್ಗಿದರೆ ಗಾಳ ತುಟಿ ಹರಿದುಕೊಂಡು ಬರುತ್ತದೆ.

ಇಷ್ಟು ಭಾರ ಎಸೆಯುವಾಗ ದಾರದ ತುದಿಗೆ ಶಾಕ್ ಲೀಡರ್ ಕಟ್ಟಲೇಬೇಕು. ಮುಖ್ಯ ದಾರ 15 ಪೌಂಡಿನದಾದರೆ ಕೊನೆಯಲ್ಲಿ 35ರಿಂದ 40 ಪೌಂಡಿನ ದಪ್ಪ ದಾರ, ರಾಡಿನ ಉದ್ದದ ಎರಡರಷ್ಟು. ಎಸೆಯುವ ಪ್ರತಿ ಔನ್ಸಿಗೆ 10 ಪೌಂಡ್ ಎಂಬುದು ಲೆಕ್ಕ. ಇಲ್ಲದಿದ್ದರೆ ಬೀಸುವ ರಭಸಕ್ಕೆ ದಾರ ತುಂಡಾಗಿ ಸೀಸ ಕವಣೆ ಕಲ್ಲಿನಂತೆ ಹಾರುತ್ತದೆ. ಪಕ್ಕದಲ್ಲಿ ಜನ ಇರುವ ಜಾಗದಲ್ಲಿ ಇದು ಜೀವಕ್ಕೇ ಅಪಾಯ.

ಮರಗಳಿರುವ ನದಿ ದಡಕ್ಕೆ ಹತ್ತಡಿ ರಾಡ್ ಹೊರೆ. ಅಲ್ಲಿ 7 ಅಡಿ, 10ರಿಂದ 40 ಗ್ರಾಂ, 10ರಿಂದ 17 ಪೌಂಡ್ ದಾರ, 3000 ಅಥವಾ 4000 ಅಳತೆಯ ರೀಲ್ ಸಾಕು. ಒಂದೇ ರಾಡ್ ಕೊಳ್ಳುವ ಶಕ್ತಿ ಇರುವವರಿಗೆ ಇದನ್ನೇ ಹೇಳಬೇಕು. ಉಂಡೆಯನ್ನು ಅಡಿಕೆ ಗಾತ್ರಕ್ಕೆ, ಸೀಸ ಮತ್ತು ಸ್ಪ್ರಿಂಗನ್ನು 15 ಗ್ರಾಮಿಗೆ ಇಳಿಸಿದರೆ ಹಿನ್ನೀರಿನಲ್ಲೂ ನಡೆಯುತ್ತದೆ. ಸಣ್ಣ ಮೀನು, ಜಿಲೇಬಿ (ತಿಲಾಪಿಯಾ) ಹಿಡಿಯಲು ರೀಲೂ ಬೇಡ. ಬೆಂಡು ಕಟ್ಟಿದ ಬಿದಿರ ಕೋಲಿನಷ್ಟು ಸೂಕ್ಷ್ಮವಾಗಿ ಕಚ್ಚನ್ನು ತೋರಿಸುವ ರಾಡ್ ಆ ಬೆಲೆಗೆ ಸಿಗುವುದಿಲ್ಲ.

ದೋಣಿಯಿಂದ ಎಳೆಯುವುದಾದರೆ

ನಡೆಯುವ ದೋಣಿಯ ಹಿಂದೆ ನಕಲಿ ಮೀನನ್ನು ಎಳೆದುಕೊಂಡು ಹೋಗುವುದಕ್ಕೆ ಟ್ರೋಲಿಂಗ್ ಎನ್ನುತ್ತಾರೆ. ವಿಡಿಯೋಗಳಲ್ಲಿ ಕಾಣುವ ಸಾಲ್ಮನ್ ಬೇಟೆಯ ರಾಡ್ ನೋಡಿ ಅದನ್ನೇ ಆನ್‌ಲೈನಿನಲ್ಲಿ ತರಿಸುವವರು ಇದ್ದಾರೆ. ಆ ರಾಡ್ ಯಾಕೆ ಹಾಗಿದೆ ಎಂದು ತಿಳಿದರೆ ಇಲ್ಲಿಗೆ ಏನು ಬೇಕು ಎಂಬುದೂ ತಿಳಿಯುತ್ತದೆ.

ಕೆನಡಾ, ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಸಾಲ್ಮನ್ ಹಲವು ಹತ್ತು ಅಡಿ ಆಳದಲ್ಲಿ ಓಡಾಡುತ್ತದೆ. ಅಷ್ಟು ಆಳಕ್ಕೆ ಗಾಳ ಮುಟ್ಟಿಸಲು ದೋಣಿಯ ಅಂಚಿಗೆ ಡೌನ್‌ರಿಗ್ಗರ್ ಎಂಬ ರಾಟೆ ಕೂರಿಸಿ, ನಾಲ್ಕೂವರೆಯಿಂದ ಏಳು ಕಿಲೋ ತೂಕದ ಸೀಸದ ಗುಂಡನ್ನು ತಂತಿಯಲ್ಲಿ ಇಳಿಬಿಡುತ್ತಾರೆ. ರಾಡಿನ ದಾರವನ್ನು ಆ ತಂತಿಗೆ ಒಂದು ಕ್ಲಿಪ್ಪಿನಿಂದ ಸಿಕ್ಕಿಸಿ, ರಾಡ್ ಬಿಲ್ಲಿನಂತೆ ಬಾಗುವವರೆಗೆ ದಾರ ಸುತ್ತಿ ಹೋಲ್ಡರಿನಲ್ಲಿ ಇಡುತ್ತಾರೆ. ಮೀನು ಕಚ್ಚಿದಾಗ ಕ್ಲಿಪ್ ಬಿಡುತ್ತದೆ, ಬಾಗಿದ ರಾಡ್ ನೆಟ್ಟಗಾಗಿ ಸಡಿಲ ದಾರವನ್ನು ತಾನೇ ಎಳೆದುಕೊಳ್ಳುತ್ತದೆ. ಅದಕ್ಕಾಗಿಯೇ ಅದು ಎಂಟೂವರೆಯಿಂದ ಹತ್ತೂವರೆ ಅಡಿ ಉದ್ದ, ಬುಡದ ಹತ್ತಿರದವರೆಗೂ ಬಾಗುವಷ್ಟು ಮೆದು. ಸೀಸದ ಭಾರ ಹೊರುವುದು ತಂತಿ, ರಾಡ್ ಹೊರುವುದಿಲ್ಲ.

ಶರಾವತಿ ಹಿನ್ನೀರಿನ ತಳದಲ್ಲಿ ಮುಳುಗಡೆಯಾದ ಕಾಡಿನ ಮರದ ಬೊಡ್ಡೆಗಳು ಇನ್ನೂ ನಿಂತಿವೆ. ಅಲ್ಲಿ ತಂತಿಯಲ್ಲಿ ಗುಂಡು ಇಳಿಬಿಟ್ಟರೆ ಬೊಡ್ಡೆಗೆ ಸಿಕ್ಕಿ ಸಣ್ಣ ದೋಣಿ ಮಗುಚೀತು. ಆ ರಾಡಿನಿಂದ ನಾವು ತೆಗೆದುಕೊಳ್ಳಬೇಕಾದದ್ದು ಬಾಗುವ ಗುಣ. ಚಲಿಸುವ ದೋಣಿಯಲ್ಲಿ ಮೀನು ಕಚ್ಚಿದ ಪೆಟ್ಟು ಒಮ್ಮೆಲೇ ಬೀಳುತ್ತದೆ. ಗಟ್ಟಿ ರಾಡ್ ಆದರೆ ಗಾಳ ಕಿತ್ತುಬರುತ್ತದೆ. ಉದ್ದ ಮಾತ್ರ ಬೇಡ. ತೆಪ್ಪದಲ್ಲಿ ಕುಳಿತು ಹತ್ತಡಿ ರಾಡಿನಿಂದ ಮೀನನ್ನು ಪಕ್ಕಕ್ಕೆ ತರಲು ಕೈ ಸಾಲುವುದಿಲ್ಲ.

ಆರೂವರೆಯಿಂದ ಏಳಡಿ, ಮಧ್ಯಮ ಬಲ, ಮಧ್ಯಮ ಆ್ಯಕ್ಷನ್, 10ರಿಂದ 30 ಗ್ರಾಂ ನೋಡಿ. ಒಂದೂವರೆ ಎರಡು ಮೀಟರ್ ಆಳಕ್ಕೆ ಇಳಿಯುವ ನಕಲಿ ಮೀನನ್ನು 25 ಮೀಟರ್ ಹಿಂದೆ ಬಿಟ್ಟು, ನಡಿಗೆಗಿಂತ ನಿಧಾನವಾಗಿ ಹುಟ್ಟು ಹಾಕಿ. ರಾಡ್ ದೋಣಿಗೆ ಓರೆಯಾಗಿರಲಿ, ತುದಿ ಹಿಂದಕ್ಕೆ ನೇರ ನೋಡಬಾರದು. ತುದಿ ಒಂದೇ ಸಮನೆ ನಡುಗುತ್ತಿದ್ದರೆ ನಕಲಿ ಮೀನು ಸರಿಯಾಗಿ ಈಜುತ್ತಿದೆ ಎಂದರ್ಥ. ನಡುಕ ನಿಂತರೆ ಎಲೆಯೋ ಕಸವೋ ಸಿಕ್ಕಿದೆ, ಎಳೆದು ಬಿಡಿಸಿ. ರಾಡಿನ ಬುಡಕ್ಕೆ ಹಗ್ಗ ಕಟ್ಟಿ ದೋಣಿಗೆ ಬಿಗಿಯಿರಿ. ದೊಡ್ಡ ಬಾಳೆ ಮೀನು ಕಚ್ಚಿದರೆ ರಾಡೇ ನೀರಿಗೆ ಹೋಗುತ್ತದೆ. ಲೈಫ್ ಜಾಕೆಟ್ ಇಲ್ಲದೆ ದೋಣಿ ಹತ್ತಬೇಡಿ.

ಕೆರೆಯ ಕುಚ್ಚು ಮೀನಿಗೆ ಲೆಕ್ಕ ಪೂರ್ತಿ ತಿರುಗುತ್ತದೆ. ತಾವರೆ ಎಲೆಗಳ ನಡುವಿನಿಂದ ಅದನ್ನು ಕಚ್ಚಿದ ಕ್ಷಣವೇ ಹೊರಗೆಳೆಯಬೇಕು, ಇಲ್ಲವಾದರೆ ಬೇರಿಗೆ ಸುತ್ತಿಕೊಳ್ಳುತ್ತದೆ. ಬಾಯಿ ಎಲುಬಿನಂತೆ ಗಟ್ಟಿ. ಇದಕ್ಕೆ ಫಾಸ್ಟ್ ಆ್ಯಕ್ಷನ್, ಎಂಎಚ್ ಅಥವಾ ಎಚ್ ಬಲ, 30 ಪೌಂಡಿಗಿಂತ ಹೆಚ್ಚಿನ ಬ್ರೇಡ್ (ಎಳೆ ಹೆಣೆದ) ದಾರ.

ಫೈಬರೋ ಕಾರ್ಬನ್ನೋ

ಫೈಬರ್‌ಗ್ಲಾಸ್ ರಾಡ್ ಭಾರ, ಬಾಗುವುದು ಹೆಚ್ಚು, ಪೆಟ್ಟು ತಡೆಯುತ್ತದೆ. ದೋಣಿಗೆ, ಮಕ್ಕಳ ಕೈಗೆ, ಬೈಕಿನಲ್ಲಿ ಕಟ್ಟಿಕೊಂಡು ತಿರುಗುವವರಿಗೆ ಅದೇ ಒಳ್ಳೆಯದು. ಕಾರ್ಬನ್ ಹಗುರ, ದಿನವಿಡೀ ಎಸೆದರೂ ಕೈ ಸೋಲುವುದಿಲ್ಲ, ಸಣ್ಣ ಕಚ್ಚೂ ಅಂಗೈಗೆ ತಿಳಿಯುತ್ತದೆ. ಆದರೆ ಸೀಸ ಒಮ್ಮೆ ಬಡಿದು ಗೀರಾದರೆ ಮುಂದೆ ಅಲ್ಲೇ ಮುರಿಯುತ್ತದೆ.

ಅಡಿಕೆ ತೋಟದಲ್ಲಿ ಕಾರ್ಬನ್ ದೋಟಿ ಹಿಡಿದವರಿಗೆ ಇನ್ನೊಂದು ಮಾತು ಗೊತ್ತಿರುತ್ತದೆ: ಕಾರ್ಬನ್ನಿನಲ್ಲಿ ಕರೆಂಟ್ ಹರಿಯುತ್ತದೆ. ದೋಟಿಗೆ ಇರುವ ಎಚ್ಚರವೇ ರಾಡಿಗೂ ಬೇಕು. ವಿದ್ಯುತ್ ತಂತಿ ಹಾದುಹೋಗುವ ದಡದಲ್ಲಿ ಬೀಸಬೇಡಿ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆ ದೂರದಲ್ಲಿ ಕೇಳಿದ ಕೂಡಲೇ ರಾಡ್ ನೆಲಕ್ಕೆ ಮಲಗಿಸಿ, ಬಯಲು ಬಿಟ್ಟು ಮನೆಯನ್ನೋ ಮುಚ್ಚಿದ ವಾಹನವನ್ನೋ ಸೇರಿಕೊಳ್ಳಿ.

ಅಂಗಡಿಯಲ್ಲಿ ನೋಡಬೇಕಾದದ್ದು

ರಾಡ್ ಜೋಡಿಸಿ ಬುಡದಿಂದ ಒಂದು ಕಣ್ಣು ಮುಚ್ಚಿ ನೋಡಿ. ಕೋಲು ನೇರವಿರಬೇಕು, ದಾರ ಹಾಯುವ ಬಳೆಗಳೆಲ್ಲ ಒಂದೇ ಸಾಲಿನಲ್ಲಿರಬೇಕು. ಏಳಡಿಯ ರಾಡಿಗೆ ತುದಿಯದ್ದೂ ಸೇರಿ ಏಳೆಂಟು ಬಳೆ ಇರಬೇಕು. ಅಗ್ಗದ ಟೆಲಿಸ್ಕೋಪ್ ರಾಡ್‌ಗಳಲ್ಲಿ ನಾಲ್ಕೈದೇ ಇರುತ್ತವೆ, ರಾಡ್ ಬಾಗಿದಾಗ ದಾರ ಕೋಲಿಗೆ ಒರೆಸಿಕೊಂಡು ಓಡುತ್ತದೆ. ಬಳೆಯೊಳಗಿನ ಪಿಂಗಾಣಿ ಸೀಳಿದೆಯೇ ಎಂದು ಕಣ್ಣಿಗೆ ಕಾಣುವುದಿಲ್ಲ. ಸ್ವಲ್ಪ ಹತ್ತಿಯನ್ನು ಪ್ರತಿ ಬಳೆಯೊಳಗೆ ಸುತ್ತ ಆಡಿಸಿ. ಎಳೆ ಸಿಕ್ಕಿಕೊಂಡರೆ ಅಲ್ಲಿ ಸೀಳಿದೆ, ಆ ಸೀಳು ದಾರವನ್ನು ಬ್ಲೇಡಿನಂತೆ ಕೊಯ್ಯುತ್ತದೆ. ರೀಲನ್ನೂ ಕೂರಿಸಿ ನೋಡಿ, ತಿರುಪು ಬಿಗಿದ ಮೇಲೆ ಅಲುಗಬಾರದು. ಜೋಡಣೆ ಪೂರ್ತಿ ಒಳಹೋದ ಮೇಲೂ ಲಟಕ್ ಎನ್ನುವ ರಾಡ್ ಬೇಡವೇ ಬೇಡ.

ಎರಡು ತುಂಡಿನ ರಾಡ್ ಟೆಲಿಸ್ಕೋಪಿಗಿಂತ ಗಟ್ಟಿ. ಬಸ್ಸಿನಲ್ಲಿ ಒಯ್ಯುವ ಚಿಂತೆಯಿದ್ದರೆ ಎರಡಿಂಚಿನ ಪಿವಿಸಿ ಪೈಪನ್ನು ತುಂಡಿಗಿಂತ ಅರ್ಧ ಅಡಿ ಉದ್ದಕ್ಕೆ ಕತ್ತರಿಸಿ ಎರಡೂ ಕಡೆ ಮುಚ್ಚಳ ಹಾಕಿ. ಮೊದಲ ಬಳೆ ಆ ಪೈಪಿನೊಳಗೆ ಹೋಗುತ್ತದೆಯೇ ಎಂದು ಅಳೆದುಕೊಂಡೇ ಪೈಪ್ ಕೊಳ್ಳಿ.

ನೀರಿಗಿಳಿಯುವ ಮುನ್ನ

ಡ್ರ್ಯಾಗ್ ಬಿಗಿ ಮಾಡಲು ನೀರಿನ ಬಾಟಲಿ ಸಾಕು. 12 ಪೌಂಡ್ ದಾರ ಎಂದರೆ ಸುಮಾರು ಐದೂವರೆ ಕಿಲೋ. ಅದರ ಕಾಲು ಭಾಗದಿಂದ ಮೂರನೇ ಒಂದು ಭಾಗದವರೆಗೆ ಡ್ರ್ಯಾಗ್ ಇರಬೇಕು, ಅಂದರೆ ಒಂದೂವರೆ ಲೀಟರ್ ನೀರು. ಬಾಟಲಿಯನ್ನು ದಾರದ ತುದಿಗೆ ಕಟ್ಟಿ, ಮಹಡಿಯಿಂದ ರಾಡನ್ನು ನೆಟ್ಟಗೆ ಕೆಳಕ್ಕೆ ತೋರಿಸಿ ತೂಗಬಿಡಿ. ಬಾಟಲಿ ತಾನಾಗಿ ನಿಧಾನಕ್ಕೆ ಇಳಿಯುವಷ್ಟು ಬಿಗಿ ಮಾಡಿ ಬಿಡಿ. ಮೀನು ಓಡುವಾಗ ಗಾಬರಿಯಲ್ಲಿ ಆ ಗುಂಡಿಯನ್ನು ಮತ್ತೆ ತಿರುಗಿಸಬೇಡಿ, ದಾರ ಕಳೆದುಕೊಳ್ಳುವುದು ಹೆಚ್ಚಾಗಿ ಆಗಲೇ.

ಮೀನು ಹತ್ತಿರ ಬಂದಾಗ ರಾಡನ್ನು ಹಿಂದಕ್ಕೆ ಬಾಗಿಸಿ ನೆಟ್ಟಗೆ ಎತ್ತುವುದು ಇನ್ನೊಂದು ತಪ್ಪು. ರಾಡಿಗೂ ದಾರಕ್ಕೂ ನಡುವಿನ ಕೋನ 90 ಡಿಗ್ರಿ ದಾಟಿದರೆ ಭಾರವೆಲ್ಲ ತುದಿಯ ಒಂದಡಿಗೆ ಬೀಳುತ್ತದೆ. ರಾಡನ್ನು ಪಕ್ಕಕ್ಕೆ ಓರೆ ಮಾಡಿ, ಎರಡು ಹೆಜ್ಜೆ ಹಿಂದೆ ನಡೆದು ಮೀನನ್ನು ಬಲೆಯ ಮೇಲಕ್ಕೆ ತನ್ನಿ. ಗಾಳ ಬೊಡ್ಡೆಗೆ ಸಿಕ್ಕಾಗಲೂ ರಾಡಿನಿಂದ ಜಗ್ಗಬೇಡಿ. ರಾಡನ್ನು ದಾರದ ನೇರಕ್ಕೆ ಹಿಡಿದು, ಕೈಗೆ ಬಟ್ಟೆ ಸುತ್ತಿಕೊಂಡು ದಾರವನ್ನೇ ಎಳೆಯಿರಿ.

ಎಲ್ಲಿ ಗಾಳ ಹಾಕಬಹುದು ಎಂಬುದನ್ನು ಮೀನುಗಾರಿಕೆ ಇಲಾಖೆಯ ತಾಲ್ಲೂಕು ಕಚೇರಿಯಲ್ಲಿ ಕೇಳಿ, ಪರವಾನಗಿ ಪಡೆದುಕೊಳ್ಳಿ. ಭದ್ರಾ ಹಿನ್ನೀರು ಹುಲಿ ಸಂರಕ್ಷಿತ ಪ್ರದೇಶಕ್ಕೆ ತಾಗಿದೆ, ಶರಾವತಿ ಕಣಿವೆಯಲ್ಲಿ ಅಭಯಾರಣ್ಯವಿದೆ. ಅರಣ್ಯದ ಗಡಿ ಎಲ್ಲಿ ಎಂದು ತಿಳಿಯದೆ ಕೂರಬೇಡಿ. ಶೃಂಗೇರಿಯ ದೇವರ ಮೀನು, ತೀರ್ಥಹಳ್ಳಿ ಹತ್ತಿರದ ಚಿಪ್ಪಲಗುಡ್ಡೆ ಮತ್ಸ್ಯಧಾಮ, ಇಂಥ ಕಡೆ ಗಾಳದ ಮಾತೇ ಇಲ್ಲ. ಮುಂಗಾರಿನ ಮೊದಲ ನೀರಿಗೆ ಹತ್ತುವ ಮೀನಿನ ಹೊಟ್ಟೆ ತುಂಬ ಮೊಟ್ಟೆ ಇರುತ್ತದೆ. ಆ ವಾರಗಳಲ್ಲಿ ರಾಡ್ ಮನೆಯಲ್ಲೇ ಇರಲಿ.

ಮಳೆಗಾಲದ ನಾಲ್ಕು ತಿಂಗಳು ಅದನ್ನು ಇಡುವ ಕ್ರಮವೂ ಇದೆ. ತೊಳೆದು, ತುಂಡುಗಳನ್ನು ಬಿಡಿಸಿ ಒಣಗಿಸಿ. ಜೋಡಿಸಿಯೇ ಇಟ್ಟರೆ ಜೋಡಣೆ ಕಚ್ಚಿಕೊಂಡು ಬಿಡಿಸಲು ಬರುವುದಿಲ್ಲ. ಪೈಪಿನೊಳಗೆ ಮುಚ್ಚಿಡಬೇಡಿ, ತೇವಕ್ಕೆ ಕಾರ್ಕ್ ಹಿಡಿಕೆ ಬೂಸ್ಟು ಹಿಡಿಯುತ್ತದೆ. ಅಟ್ಟದ ಮೇಲೆ ಹೊಗೆ ತಾಗದ ಕಡೆ, ಗೋಡೆಗೆ ಒರಗಿಸದೆ ಮಲಗಿಸಿಡಿ. ಡ್ರ್ಯಾಗ್ ಪೂರ್ತಿ ಸಡಿಲ ಮಾಡಿ. ತುದಿಯ ಬಳೆ ಕಳಚಿದ್ದರೆ ಹಾಟ್ ಗ್ಲೂ ಕಡ್ಡಿಯ ತುದಿಯನ್ನು ಲೈಟರಿನಿಂದ ಕರಗಿಸಿ, ಅಂಟನ್ನು ಕೋಲಿಗೆ ಸವರಿ ಬಳೆ ಕೂರಿಸಿ, ಆರುವ ಮುನ್ನ ಉಳಿದ ಬಳೆಗಳ ಸಾಲಿಗೆ ತಿರುಗಿಸಿ. ಬೆಂಕಿಯನ್ನು ಕಾರ್ಬನ್ ಕೋಲಿಗೆ ಮಾತ್ರ ಮುಟ್ಟಿಸಬೇಡಿ.