ವರಾಂಡದಲ್ಲಿ ಅರಳುವ ಅಡೇನಿಯಂ: ಮನೆಯಲ್ಲೇ ಹೊಸ ತಳಿ ರೂಪಿಸುವ ಬಗೆ

ದಾವಣಗೆರೆ, ಚಿತ್ರದುರ್ಗದ ತಾರಸಿಗಳ ಮೇಲೆ ಏಪ್ರಿಲ್ ಬಿಸಿಲಿಗೆ ಉಳಿದ ಗಿಡಗಳು ಸೊರಗಿ ನಿಂತಾಗಲೂ ಮೈತುಂಬ ಹೂ ಬಿಡುವ ಗಿಡವೆಂದರೆ ಅಡೇನಿಯಂ. ಬುಡದಲ್ಲಿ ನೀರು ಹಿಡಿದಿಟ್ಟುಕೊಂಡು ಊದಿಕೊಳ್ಳುವ ಈ ಗಿಡ ಮೂಲತಃ ಆಫ್ರಿಕಾದ ಸಹೇಲ್ ಸೀಮೆ, ಪೂರ್ವ ಆಫ್ರಿಕಾ ಮತ್ತು ಅರೇಬಿಯಾದ ಒಣನೆಲಕ್ಕೆ ಸೇರಿದ್ದರಿಂದ ನಮ್ಮ ಬಯಲುಸೀಮೆಯ ಬಿಸಿಲು ಅದಕ್ಕೆ ಹೊಸದೇನಲ್ಲ. ಆದರೆ ಅದೇ ಕುಂಡವನ್ನು ಬೆಳಗಿನ ಬಿಸಿಲು ಮಾತ್ರ ಬೀಳುವ ವರಾಂಡಕ್ಕೆ ತಂದಿಟ್ಟರೆ ಕೊಂಬೆಗಳು ಬೆಳಕಿನತ್ತ ನೀಳವಾಗಿ ಚಾಚಿಕೊಳ್ಳುತ್ತವೆ, ಎಲೆಗಳು ಹಸಿರಾಗಿಯೇ ಇರುತ್ತವೆ, ಮೊಗ್ಗು ಮಾತ್ರ ಅಪರೂಪವಾಗುತ್ತದೆ. ಥಾಯ್ಲೆಂಡ್, ತೈವಾನ್‌ಗಳಲ್ಲಿ ಬಣ್ಣ ಮತ್ತು ದಳಗಳ ಪದರಕ್ಕಾಗಿ ಬಗೆಬಗೆಯ ತಳಿಗಳನ್ನು ರೂಪಿಸಲಾಗಿದೆ. ಕಡಿಮೆ ಬೆಳಕಿನಲ್ಲಿ ಗಿಡ್ಡವಾಗಿ ಬೆಳೆದು ಹೂ ಬಿಡುವ ತಳಿಗೆ ಇನ್ನೂ ಸಾಕಷ್ಟು ಜಾಗವಿದೆ. ಹವ್ಯಾಸಿಯೊಬ್ಬರು ತಮ್ಮ ಮನೆಯಲ್ಲೇ ಕೈಹಾಕಬಹುದಾದ ಕೆಲಸವಿದು. ನಾಲ್ಕೈದು ವರ್ಷದ ತಾಳ್ಮೆ ಮಾತ್ರ ಬೇಕು.

ಗುರಿಯನ್ನು ಮೊದಲೇ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ‘ಚೆಂದದ ಹೂ ಬೇಕು’ ಎಂಬುದು ಗುರಿಯಲ್ಲ, ಏಕೆಂದರೆ ಅಡೇನಿಯಂನ ಬೀಜದ ಸಸಿಗಳಲ್ಲಿ ಚೆಂದದ ಹೂ ಸಿಗದೆ ಇರುವುದೇ ಕಡಿಮೆ. ‘ಪೂರ್ವದಿಕ್ಕಿನ ವರಾಂಡದಲ್ಲಿ, ಒಂದೂವರೆ ಅಡಿ ದಾಟದೆ, ವರ್ಷಕ್ಕೆ ಎರಡು ಬಾರಿಯಾದರೂ ಹೂ ಬಿಡಬೇಕು’ ಎಂದು ಬರೆದುಕೊಂಡರೆ ಮುಂದೆ ಯಾವ ಸಸಿಯನ್ನು ಉಳಿಸಬೇಕು, ಯಾವುದನ್ನು ಬಿಡಬೇಕು ಎಂಬ ತೀರ್ಮಾನ ಆ ಸಾಲಿನಿಂದಲೇ ಹೊರಡುತ್ತದೆ.

ತಾಯಿ ಗಿಡ, ತಂದೆ ಗಿಡ

ಒಂದು ಗಿಡದ ಪರಾಗವನ್ನು ಇನ್ನೊಂದರ ಹೂವಿಗೆ ಮುಟ್ಟಿಸಿ ಬೀಜ ಪಡೆಯುವ ಸಂಕರಣಕ್ಕೆ ಕನಿಷ್ಠ ಎರಡು ಬೇರೆ ಬೇರೆ ಗಿಡಗಳು ಬೇಕು. ಬಹುಪಾಲು ಅಡೇನಿಯಂ ಗಿಡಗಳು ತಮ್ಮದೇ ಪರಾಗದಿಂದ ಕಾಯಿ ಕಟ್ಟುವುದಿಲ್ಲ. ನರ್ಸರಿಯಿಂದ ಒಂದೇ ಹೆಸರಿನ ಎರಡು ಕಸಿ ಗಿಡಗಳನ್ನು ತಂದಿದ್ದರೆ ಅವು ಎರಡು ಕುಂಡಗಳಲ್ಲಿದ್ದರೂ ವಂಶವಾಹಿಯ ಲೆಕ್ಕದಲ್ಲಿ ಒಂದೇ ಗಿಡ. ಅವುಗಳ ನಡುವೆ ಎಷ್ಟು ಬಾರಿ ಪರಾಗ ಹಚ್ಚಿದರೂ ಹೂ ಉದುರುವುದೇ ಹೆಚ್ಚು. ಹೀಗೆ ಸೋತವರು ತಮ್ಮ ಕೈಗುಣವನ್ನು ಬೈದುಕೊಳ್ಳುವುದನ್ನು ಆಗಾಗ ಕೇಳುತ್ತೇವೆ, ತಪ್ಪು ಕೈಯದಲ್ಲ.

ತಾಯಿಯಾಗಿ ಗಿಡ್ಡನೆಯ, ತಾನಾಗಿಯೇ ಕವಲೊಡೆಯುವ, ಬುಡ ಕೊಳೆಯದೆ ಮಳೆಗಾಲ ದಾಟಿದ ಗಟ್ಟಿ ಗಿಡವನ್ನು ಆರಿಸಿಕೊಳ್ಳಬೇಕು. ಕಾಯಿಯ ಭಾರವನ್ನು ಎರಡು ಮೂರು ತಿಂಗಳು ಹೊರಬೇಕಾದದ್ದು ಅದೇ ಆದ್ದರಿಂದ ಹೊಸದಾಗಿ ಕುಂಡ ಬದಲಿಸಿದ ಗಿಡವನ್ನಾಗಲಿ ಎಳೆಯ ಗಿಡವನ್ನಾಗಲಿ ತಾಯಿ ಮಾಡಬಾರದು. ತಂದೆಯಾಗಿ ಬಣ್ಣಕ್ಕೋ ಹೂವಿನ ಬಾಳಿಕೆಗೋ ಮೆಚ್ಚಿದ ಗಿಡವನ್ನು ಬಳಸಬಹುದು. ಪದರಪದರ ದಳಗಳ ಹೂಗಳಿಗೆ ಮಾರುಕಟ್ಟೆಯಲ್ಲಿ ಬೇಡಿಕೆಯಿದ್ದರೂ ಅವುಗಳಲ್ಲಿ ಕೆಲವಕ್ಕೆ ಪರಾಗ ಸಿಗುವುದೇ ಕಷ್ಟ, ಮಳೆನೀರು ದಳಗಳ ನಡುವೆ ನಿಂತು ಹೂ ಬೇಗ ಕೆಡುತ್ತದೆ. ಮೊದಲ ಸಲ ಈ ಕೆಲಸ ಮಾಡುವವರು ಐದು ದಳದ ಸಾದಾ ಹೂಗಳಿಂದಲೇ ಶುರುಮಾಡುವುದು ಲೇಸು ಎಂಬುದು ನನ್ನ ಅಭಿಪ್ರಾಯ.

ಕಾಲದ ಆಯ್ಕೆಯೂ ಮುಖ್ಯ. ಜನವರಿ ಕೊನೆಯಿಂದ ಫೆಬ್ರುವರಿಯೊಳಗೆ ಪರಾಗಸ್ಪರ್ಶ ಮಾಡಿದರೆ ಕಾಯಿಗಳು ಏಪ್ರಿಲ್, ಮೇ ತಿಂಗಳಲ್ಲಿ ಬಲಿಯುತ್ತವೆ, ಬಿಸಿ ಹವೆಯಲ್ಲಿ ಬೀಜ ಚೆನ್ನಾಗಿ ಮೊಳೆಯುತ್ತದೆ. ತಡಮಾಡಿದರೆ ಕಾಯಿ ಒಡೆಯುವ ಹೊತ್ತಿಗೆ ಮಳೆಯೂ ಆಷಾಢದ ಗಾಳಿಯೂ ಜೊತೆಗೂಡುತ್ತವೆ. ಚಿತ್ರದುರ್ಗದ ಬಳಿಯ ಜೋಗಿಮಟ್ಟಿಯ ಸಾಲುಬೆಟ್ಟಗಳ ಮೇಲೆ ಗಾಳಿಯಂತ್ರ ತಿರುಗಿಸುವ ಗಾಳಿಯದು, ರೇಷ್ಮೆಯಂಥ ಕುಚ್ಚು ಹೊತ್ತ ಬೀಜವನ್ನು ತಾರಸಿಯ ಮೇಲೆ ಬಿಡುತ್ತದೆಯೇ?

ಹೂವಿನ ಒಳಗಿನ ಕೆಲಸ

ಅಡೇನಿಯಂ ಕಣಗಿಲೆಯ ಬಳಗದ್ದು. 1775ರಲ್ಲಿ ಪ್ರಕಟವಾದ ಸಸ್ಯವಿಜ್ಞಾನಿ ಪೀಟರ್ ಫೋರ್ಸ್‌ಕಾಲ್ ಅವರ ವಿವರಣೆಯಲ್ಲಿ ಅದನ್ನು ಕಣಗಿಲೆಯ ಕುಲದಲ್ಲೇ ಸೇರಿಸಲಾಗಿತ್ತು. ಅಡೇನಿಯಂ ಎಂಬ ಕುಲಕ್ಕೆ ಬಂದದ್ದು 1819ರಲ್ಲಿ. ಕಣಗಿಲೆಯ ಹಾಗೆಯೇ ಇದರ ಸೊನೆಯೂ ನಂಜು. ಹೃದಯದ ಬಡಿತವನ್ನು ಏರುಪೇರು ಮಾಡುವ ರಾಸಾಯನಿಕಗಳು ಅದರಲ್ಲಿದ್ದು, ಆಫ್ರಿಕಾದ ಬೇಟೆಗಾರರು ಬಾಣದ ತುದಿಗೆ ಅದನ್ನು ಹಚ್ಚುತ್ತಿದ್ದರು. ಆದ್ದರಿಂದ ಕೈಗವಸು ಹಾಕಿಕೊಂಡೇ ಕೆಲಸ ಮಾಡಬೇಕು, ಕಣ್ಣು ಮುಟ್ಟಿಕೊಳ್ಳಬಾರದು, ಕತ್ತರಿಸಿದ ತುಂಡುಗಳನ್ನು ಮಕ್ಕಳಿಗೂ ದನಕರುಗಳಿಗೂ ಸಿಗದಂತೆ ವಿಲೇವಾರಿ ಮಾಡಬೇಕು.

ಈ ಹೂವಿನಲ್ಲಿ ದಾಸವಾಳದಂತೆ ಪರಾಗ ಹೊರಗೆ ಕಾಣುವುದಿಲ್ಲ. ಐದು ದಳಗಳು ಸೇರಿ ಆದ ಕೊಳವೆಯ ತಳದಲ್ಲಿ ಐದು ಪರಾಗಕೋಶಗಳು ಒಂದಕ್ಕೊಂದು ಅಂಟಿಕೊಂಡು ಚೂಪಾದ ಗೋಪುರದಂತೆ ನಿಂತಿರುತ್ತವೆ. ಹೂವಿನ ಬಾಯಿಯಲ್ಲಿ ಕಾಣುವ ನೂಲಿನಂಥ ಎಳೆಗಳು ಆ ಕೋಶಗಳ ತುದಿಯ ಚಾಚುಗಳೇ ಹೊರತು ಪರಾಗವಲ್ಲ. ಪರಾಗ ಗೋಪುರದ ಒಳಗೆ, ಮೇಲ್ಭಾಗದಲ್ಲಿ, ಕೆನೆಬಣ್ಣದ ಅಂಟು ಮುದ್ದೆಯಾಗಿರುತ್ತದೆ. ಅದರ ಕೆಳಗೆ ಹೂವಿನ ಹೆಣ್ಣು ಭಾಗವಾದ ಶಲಾಕೆಯ ದಪ್ಪ ತಲೆ ಇದ್ದು, ಪರಾಗವನ್ನು ಸ್ವೀಕರಿಸುವ ಜಾಗ ಆ ತಲೆಯ ಮೇಲೆ ಇರದೆ ಅದರ ಕೆಳಬದಿಯಲ್ಲಿರುತ್ತದೆ. ಗೋಪುರದ ನೆತ್ತಿಯ ಮೇಲೆ ಕುಂಚ ಆಡಿಸುವುದರಿಂದ ಏನೂ ಆಗುವುದಿಲ್ಲವೆಂಬುದಕ್ಕೆ ಕಾರಣ ಇದೇ.

ಬೆಳಿಗ್ಗೆ ಬಿಸಿಲೇರುವ ಮೊದಲು, ಅರಳಿ ಒಂದೆರಡು ದಿನವಾದ ಹೂವನ್ನು ತಂದೆ ಗಿಡದಿಂದ ಕೀಳಬೇಕು. ಕೊಳವೆಯನ್ನು ಉದ್ದಕ್ಕೆ ಸೀಳಿ ದಳಗಳನ್ನು ತೆಗೆದರೆ ಗೋಪುರ ಬಯಲಾಗುತ್ತದೆ. ಸಣ್ಣ ಚಿಮಟದಿಂದ ಒಂದೆರಡು ಪರಾಗಕೋಶಗಳನ್ನು ಹೊರಕ್ಕೆ ಬಾಗಿಸಿ, ಒಳಗಿನ ಮುದ್ದೆಯನ್ನು ತುಸು ಒದ್ದೆಮಾಡಿದ ಹಲ್ಲುಕಡ್ಡಿಯ ತುದಿಗೋ ಸೊನ್ನೆ ನಂಬರಿನ ಕುಂಚಕ್ಕೋ ಅಂಟಿಸಿಕೊಳ್ಳಬೇಕು. ಬಳಿಕ ತಾಯಿ ಗಿಡದ ಹೂವನ್ನು ಗಿಡದಲ್ಲೇ ಇಟ್ಟು, ಕೊಳವೆಯ ಒಂದು ಬದಿಯನ್ನು ಮಾತ್ರ ಸೀಳಿ ಹಿಂದಕ್ಕೆ ಮಡಚಿದರೆ ಗೋಪುರದ ಬುಡದಲ್ಲಿ ಎರಡು ಪರಾಗಕೋಶಗಳ ನಡುವೆ ಕಿರಿದಾದ ಸಂದು ಕಾಣುತ್ತದೆ. ಕಡ್ಡಿಯ ತುದಿಯನ್ನು ಆ ಸಂದಿನೊಳಗೆ ತೂರಿಸಿ, ಶಲಾಕೆಯ ತಲೆಯ ಕೆಳಬದಿಗೆ ತಾಗುವಂತೆ ಮೆಲ್ಲಗೆ ಮೇಲಕ್ಕೆ ಒರೆಸಿ ಪರಾಗವನ್ನು ಬಿಡಬೇಕು. ಭೂತಗನ್ನಡಿ ಇದ್ದರೆ ಕೆಲಸ ಹಗುರ. ಹೂವಿಗೆ ತೆಳು ಬಟ್ಟೆಯ ಚೀಲ ಕಟ್ಟಿದರೆ ಕೀಟಗಳು ಬೇರೆ ಪರಾಗ ತರುವ ಅನುಮಾನ ಉಳಿಯುವುದಿಲ್ಲ.

ಅಲ್ಲಿಯೇ, ಆಗಲೇ, ತೊಟ್ಟಿಗೆ ಗುರುತು ಚೀಟಿ ಕಟ್ಟಬೇಕು. ಮೊದಲು ತಾಯಿಯ ಹೆಸರು, ಗುಣಾಕಾರ ಚಿಹ್ನೆ, ಆಮೇಲೆ ತಂದೆಯ ಹೆಸರು, ತಾರೀಖು ಎಂಬುದು ತಳಿಗಾರರು ಸಾಮಾನ್ಯವಾಗಿ ಪಾಲಿಸುವ ಕ್ರಮ. ಪೆನ್ನಿನ ಶಾಯಿ ನಮ್ಮ ಬಿಸಿಲಿಗೆ ತಿಂಗಳೊಪ್ಪತ್ತಿನಲ್ಲಿ ಮಾಸಿಹೋಗುವುದರಿಂದ ಪೆನ್ಸಿಲ್ಲೇ ವಾಸಿ. ಇದೇ ವಿವರವನ್ನು ಒಂದು ನೋಟ್‌ಬುಕ್ಕಿಗೂ ಏರಿಸಬೇಕು; ತಂದೆತಾಯಿ ಗೊತ್ತಿಲ್ಲದ ಸಸಿ ಎಷ್ಟೇ ಚೆಂದವಿದ್ದರೂ ಮುಂದಿನ ತಲೆಮಾರಿನ ಲೆಕ್ಕಕ್ಕೆ ಬರುವುದಿಲ್ಲ.

ಕೋಡು, ಬೀಜ, ಸಸಿ

ಹೂ ಉದುರಿದ ಮೇಲೆ ಒಂದೆರಡು ವಾರದಲ್ಲಿ ಟಗರಿನ ಕೊಂಬಿನಂತೆ ಎರಡು ಕೋಡುಗಳು ಚಾಚಿಕೊಂಡರೆ ಕಾಯಿ ಕಟ್ಟಿದೆ ಎಂದರ್ಥ. ಒಂದು ಗಿಡದಲ್ಲಿ ಎರಡು ಮೂರು ಜೋಡಿಗಿಂತ ಹೆಚ್ಚು ಉಳಿಸಿಕೊಳ್ಳಬಾರದು. ಕೋಡು ಬಲಿತು ಬಣ್ಣ ತಿರುಗುವ ಮೊದಲೇ ಅದರ ಸುತ್ತ ಸಡಿಲವಾಗಿ ದಾರ ಸುತ್ತಿ ಬಲೆಚೀಲ ಹಾಕಿರಬೇಕು. ಬೀಜದ ಎರಡೂ ತುದಿಗಳಲ್ಲಿ ಕುಚ್ಚಿರುವುದರಿಂದ ಕೋಡು ಬಿರಿದ ಮರುಗಳಿಗೆಯೇ ಬೀಜ ಹಾರಿಹೋಗುತ್ತದೆ.

ಬೀಜ ಹಳತಾದಷ್ಟೂ ಮೊಳಕೆ ಕಡಿಮೆಯಾಗುವುದರಿಂದ ಕುಚ್ಚು ತೆಗೆದು ಆ ವಾರದಲ್ಲೇ ಬಿತ್ತುವುದು ಉತ್ತಮ. ಬಿತ್ತನೆಯ ಮಿಶ್ರಣಕ್ಕೆ ನಮ್ಮಲ್ಲಿ ಸಾಮಗ್ರಿಯ ಕೊರತೆಯಿಲ್ಲ. ಭದ್ರಾ ನಾಲೆಯ ಭತ್ತದ ಹೊಟ್ಟು ದಾವಣಗೆರೆಯ ಅಕ್ಕಿ ಗಿರಣಿಗಳಲ್ಲಿ ಸಿಗುತ್ತದೆ, ಅದನ್ನು ಬೂದಿಯಾಗಲು ಬಿಡದೆ ಕಪ್ಪಗೆ ಸುಟ್ಟುಕೊಳ್ಳಬೇಕು. ಇದು ಒಂದು ಪಾಲು, ತೊಳೆದ ದಪ್ಪ ಮರಳು ಒಂದು ಪಾಲು, ಹಲವು ಬಾರಿ ನೀರಿನಲ್ಲಿ ತೊಳೆದ ತೆಂಗಿನ ನಾರಿನ ಪುಡಿ ಒಂದು ಪಾಲು ಸೇರಿಸಿದರೆ ನೀರು ನಿಲ್ಲದ ಹಗುರ ಮಿಶ್ರಣವಾಗುತ್ತದೆ. ಬೀಜಗಳನ್ನು ಅಡ್ಡಡ್ಡಲಾಗಿ ಮಲಗಿಸಿ, ಮೇಲೆ ಮರೆಯಾಗುವಷ್ಟೇ ಮಿಶ್ರಣ ಉದುರಿಸಿ ನೀರು ಚಿಮುಕಿಸಬೇಕು. 27ರಿಂದ 30 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ವಾರದೊಳಗೆ ಮೊಳಕೆ ಬರುತ್ತದೆ. ಜಗಳೂರು, ಚಳ್ಳಕೆರೆ ಕಡೆಯ ಗಡಸು ಬೋರ್‌ವೆಲ್ ನೀರು ಮಣ್ಣಿನ ಮೇಲೆ ಬಿಳಿ ಪದರ ಬಿಡುವಂತಿದ್ದರೆ ಎಳೆ ಸಸಿಗಳಿಗೆ ಹಿಡಿದಿಟ್ಟ ಮಳೆನೀರೇ ಒಳ್ಳೆಯದು. ನಾಲ್ಕಾರು ಎಲೆ ಬಂದಾಗ ಒಂದೊಂದನ್ನೂ ಸಂಖ್ಯೆ ಹಾಕಿದ ಪುಟ್ಟ ಕುಂಡಕ್ಕೆ ವರ್ಗಾಯಿಸಬೇಕು. ಹಿಟ್ಟು ತಿಗಣೆ ಮತ್ತು ಕಣಗಿಲೆ ತಿನ್ನುವ ದಪ್ಪ ಹಸಿರು ಹುಳುವಿನ ಮೇಲೆ ಕಣ್ಣಿರಲಿ.

ಸಸಿಗಳನ್ನು ಎಲ್ಲಿ ಬೆಳೆಸಬೇಕು?

ತಳಿಯ ಹಣೆಬರಹ ತೀರ್ಮಾನವಾಗುವುದು ಇಲ್ಲಿ. ಸಸಿಗಳು ಬೇಗ ದಪ್ಪವಾಗಲೆಂದು ಎಲ್ಲರೂ ಅವನ್ನು ತಾರಸಿಯ ಬಿಸಿಲಿಗೆ ಸಾಗಿಸುತ್ತಾರೆ, ಅಲ್ಲಿ ಮೊದಲು ಹೂಬಿಟ್ಟ ಸಸಿಯನ್ನು ಮೆಚ್ಚುತ್ತಾರೆ, ಅದನ್ನೇ ಕಸಿಮಾಡಿ ವರಾಂಡಕ್ಕೆ ತಂದಾಗ ಹೂವಿಲ್ಲ. ತಾರಸಿಯಲ್ಲಿ ಆರಿಸಿದ್ದು ತಾರಸಿಯ ಗಿಡವನ್ನೇ. ವರಾಂಡದ ತಳಿ ಬೇಕಾದರೆ ಮೊದಲ ಮೂರ್ನಾಲ್ಕು ತಿಂಗಳು ಬಿಸಿಲಿನಲ್ಲಿ ಗಟ್ಟಿಮಾಡಿ, ಆಮೇಲೆ ಎಲ್ಲ ಸಸಿಗಳನ್ನೂ ವರಾಂಡದಲ್ಲೇ ಇಡಬೇಕು. ಬಹಳಷ್ಟು ಸಸಿಗಳು ಸೊರಗುತ್ತವೆ, ಅದು ಬೇಕಾದದ್ದೇ. ಅಂಚಿನ ಕುಂಡಗಳಿಗೆ ಬೆಳಕು ಹೆಚ್ಚು ಸಿಗುವುದರಿಂದ ವಾರಕ್ಕೊಮ್ಮೆ ಜಾಗ ಬದಲಿಸದಿದ್ದರೆ ಒಳ್ಳೆಯ ಜಾಗವನ್ನು ಒಳ್ಳೆಯ ಗಿಡವೆಂದು ಭ್ರಮಿಸುವ ಅಪಾಯವಿದೆ.

ಬಿಸಿಲಲ್ಲಿ ವರ್ಷದೊಳಗೆ ಹೂ ಬಿಡುವ ಸಸಿ ಇಲ್ಲಿ ಒಂದೂವರೆ ಎರಡು ವರ್ಷ ತೆಗೆದುಕೊಳ್ಳಬಹುದು. ಮೊದಲ ಹೂವನ್ನು ನೋಡಿ ತೀರ್ಪು ಕೊಡಬಾರದು. ಎಳೆ ಗಿಡದ ಮೊದಲ ಹೂಗಳು ಗಾತ್ರದಲ್ಲೂ ಬಣ್ಣದಲ್ಲೂ ಮುಂದಿನವುಗಳಂತೆ ಇರಬೇಕೆಂದಿಲ್ಲ. ಬೇಸಿಗೆ, ಮಳೆಗಾಲ, ಚಳಿಗಾಲ ಮೂರನ್ನೂ ದಾಟಿಸಿ, ಹೂ ಎಷ್ಟು ದಿನ ನಿಂತಿತು, ಬಣ್ಣ ಎಷ್ಟು ತಿಳಿಯಾಯಿತು, ಗೆಣ್ಣುಗಳ ಅಂತರ ಎಷ್ಟು ಎಂಬುದನ್ನು ಸಂಖ್ಯೆವಾರು ಬರೆಯಬೇಕು. ಗೆಣ್ಣುಗಳು ಒತ್ತೊತ್ತಾಗಿದ್ದರೆ ಗಿಡ ಕಡಿಮೆ ಬೆಳಕನ್ನು ತಾಳಿಕೊಂಡಿದೆ ಎಂದು ಹೂ ಬರುವ ಮೊದಲೇ ಊಹಿಸಬಹುದು.

ಮೊದಲ ತಲೆಮಾರಿನಲ್ಲಿ ಬಯಸಿದ ಗುಣ ಕಾಣದಿದ್ದರೆ ಕೈಬಿಡಬೇಕಾಗಿಲ್ಲ. ಅಡಗಿ ಕೂತ ಗುಣ ಹೊರಬರುವುದು ಅಣ್ಣತಂಗಿ ಸಸಿಗಳನ್ನು ತಮ್ಮೊಳಗೆ ಸಂಕರಿಸಿದಾಗ. ಒಂದೇ ವಂಶವಾಹಿಯ ಅಡಗಿದ ಗುಣ ಅಲ್ಲಿ ಸರಾಸರಿ ನಾಲ್ಕರಲ್ಲೊಂದು ಸಸಿಯಲ್ಲಿ ಕಾಣಿಸುತ್ತದೆ. ಅಂಥ ಒಂದಾದರೂ ಸಸಿ ಸಿಗುವ ಭರವಸೆ ಶೇ 95ರಷ್ಟು ಇರಬೇಕಾದರೆ 11 ಸಸಿ ಸಾಕು. ಅಂಥ ಎರಡು ಗುಣಗಳು ಒಂದೇ ಗಿಡದಲ್ಲಿ ಕೂಡಬೇಕೆಂದರೆ ಹದಿನಾರರಲ್ಲೊಂದು, ಅದಕ್ಕೆ 47 ಸಸಿ ಬೇಕು. ಮೂರು ಗುಣಗಳಿಗೆ 191. ವರಾಂಡದ ಅಳತೆ ನೋಡಿಕೊಂಡು ಎರಡು ಗುಣಗಳಿಗೆ ತೃಪ್ತಿಪಡುವುದು ಜಾಣತನ. ಹೂವಿನ ಬಣ್ಣದಂಥ ಗುಣಗಳು ಹಲವು ವಂಶವಾಹಿಗಳನ್ನು ಅವಲಂಬಿಸಿದರೆ ಈ ಲೆಕ್ಕ ಇನ್ನೂ ಬೆಳೆಯುತ್ತದೆ, ಒಡಹುಟ್ಟಿದ ಸಸಿಗಳಲ್ಲಿ ಕೆಲವು ಜೋಡಿಗಳು ಕಾಯಿ ಕಟ್ಟಲು ಒಪ್ಪದೆಯೂ ಇರಬಹುದು.

ಕಸಿ, ಪರೀಕ್ಷೆ, ಹೆಸರು

ಆರಿಸಿದ ಒಂದು ಸಸಿ ಇನ್ನೂ ತಳಿಯಲ್ಲ. ಅದರ ಬೀಜದಿಂದ ಅದೇ ಗಿಡ ಬರುವುದಿಲ್ಲವಾದ್ದರಿಂದ ಕಸಿಯೇ ದಾರಿ. ಸಾದಾ ಬೀಜದ ಗಿಡವನ್ನು ಬೇರುಗಿಡವಾಗಿ ಇಟ್ಟುಕೊಂಡು, ಅದರ ಕೊಂಬೆಯಷ್ಟೇ ದಪ್ಪದ ಕುಡಿಯನ್ನು ಸ್ಪಿರಿಟ್ ಒರೆಸಿದ ಬ್ಲೇಡಿನಿಂದ ಒಂದೇ ಏಟಿಗೆ ಸಮತಟ್ಟಾಗಿ ಕೊಯ್ದು, ಎರಡೂ ಕೊಯ್ಲುಗಳನ್ನು ಕೂಡಿಸಿ ಪಟ್ಟಿ ಸುತ್ತಿ, ಪ್ಲಾಸ್ಟಿಕ್ ಚೀಲ ಮುಚ್ಚಿ ನೆರಳಿನಲ್ಲಿಡಬೇಕು. ಎರಡು ಮೂರು ವಾರದಲ್ಲಿ ಚಿಗುರು ಕಂಡರೆ ಕಸಿ ಕೂಡಿದೆ. ಹೀಗೆ ಹತ್ತು ಗಿಡವನ್ನಾದರೂ ಮಾಡಿ, ಕೆಲವನ್ನು ಬೇರೆಯವರ ವರಾಂಡಗಳಲ್ಲಿಟ್ಟು, ಎಲ್ಲವೂ ಒಂದೇ ಬಗೆಯ ಹೂ, ಒಂದೇ ಬಗೆಯ ಎತ್ತರ ತೋರಿದರೆ ಆಗ ತಳಿಯೆಂಬ ಮಾತಾಡಬಹುದು. ಹಿರಿಯೂರಿನ ಬಬ್ಬೂರು ಫಾರಂನ ತೋಟಗಾರಿಕೆ ಕಾಲೇಜಿನವರನ್ನಾಗಲಿ ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರದವರನ್ನಾಗಲಿ ಈ ಹಂತದಲ್ಲಿ ಕಂಡು ಅಭಿಪ್ರಾಯ ಕೇಳಬಹುದು.

ಮಾರಾಟದ ಯೋಚನೆಯಿದ್ದವರು 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯನ್ನು ಓದಿಕೊಳ್ಳಬೇಕು. ತಳಿ ಹೊಸದಾಗಿರಬೇಕು, ಉಳಿದವುಗಳಿಂದ ಬೇರೆಯಾಗಿ ಕಾಣಬೇಕು, ಗಿಡದಿಂದ ಗಿಡಕ್ಕೆ ಏಕರೂಪವಾಗಿರಬೇಕು, ಮರುಉತ್ಪಾದನೆಯಲ್ಲಿ ಸ್ಥಿರವಾಗಿರಬೇಕು ಎಂಬುದು ಅದರ ಷರತ್ತು. ಮರ ಮತ್ತು ಬಳ್ಳಿಗಳಿಗೆ ಗರಿಷ್ಠ 18 ವರ್ಷ, ಉಳಿದ ಬೆಳೆಗಳಿಗೆ ಗರಿಷ್ಠ 15 ವರ್ಷ ರಕ್ಷಣೆ ಸಿಗುತ್ತದೆ. ಆ ಸಸ್ಯ ಸರ್ಕಾರದ ಅಧಿಸೂಚಿತ ಪಟ್ಟಿಯಲ್ಲಿದೆಯೇ ಎಂದು ಮೊದಲು ನೋಡಬೇಕು. ಅರ್ಜಿ ಹಾಕುವುದಕ್ಕೆ ಒಂದು ವರ್ಷಕ್ಕಿಂತ ಮೊದಲೇ ದೇಶದೊಳಗೆ ಮಾರಾಟವಾಗಿದ್ದರೆ ತಳಿಯನ್ನು ಹೊಸದೆಂದು ಪರಿಗಣಿಸುವುದಿಲ್ಲವಾದ್ದರಿಂದ ಫಲಪುಷ್ಪ ಪ್ರದರ್ಶನದ ಉತ್ಸಾಹದಲ್ಲಿ ಗಿಡ ಮಾರತೊಡಗುವವರು ತಾರೀಖು ಬರೆದಿಟ್ಟುಕೊಳ್ಳಬೇಕು.

ಹೆಸರಿಡುವುದಕ್ಕೂ ಅಂತರರಾಷ್ಟ್ರೀಯ ನಿಯಮವಿದೆ. ತಳಿಯ ಹೆಸರನ್ನು ಒಂಟಿ ಉದ್ಧರಣ ಚಿಹ್ನೆಯೊಳಗೆ ಬರೆಯಬೇಕು. 1959ರ ಜನವರಿ 1ರಿಂದ ಈಚೆಗೆ ಹೊಸ ತಳಿಗಳಿಗೆ ಲ್ಯಾಟಿನ್ ರೂಪದ ಹೆಸರಿಡುವಂತಿಲ್ಲ, ಕನ್ನಡದ ಹೆಸರಿಗೆ ಅಡ್ಡಿಯಿಲ್ಲ. ಇಟ್ಟ ಹೆಸರು ಅರ್ಜಿಯಲ್ಲೂ ಕುಂಡದ ಚೀಟಿಯಲ್ಲೂ ಅಕ್ಷರಶಃ ಒಂದೇ ಆಗಿರಬೇಕು.