ಕ್ರೇನ್ ಪಂಪನ್ನು ತಿರುಗಿಸುವ ಶಾಫ್ಟು: ಒಂದು ದುರಸ್ತಿಯ ಅನುಭವ

ಕ್ರೇನ್ ನಿಧಾನವಾಯಿತೆಂದರೆ ಮೊದಲು ಬೈಸಿಕೊಳ್ಳುವುದು ಎಣ್ಣೆಯನ್ನು ಒತ್ತಡದಲ್ಲಿ ತಳ್ಳಿ ಅದನ್ನು ಆಡಿಸುವ ಪಂಪು. ಕ್ರೇನಿನ ಉದ್ದ ತೋಳಾದ ಬೂಮ್ ಏಳುತ್ತಿಲ್ಲವೇ, ಪಂಪು ಹೋಗಿದೆ. ಸದ್ದು ಬರುತ್ತಿದೆಯೇ, ಪಂಪು ಹೋಗಿದೆ. ಎಣ್ಣೆ ಬಿಸಿಯಾಗುತ್ತಿದೆಯೇ, ಅದಕ್ಕೂ ಪಂಪೇ ಹೊಣೆ. ಹಳೆಯದನ್ನು ಬಿಚ್ಚಿ ಹೊಸದನ್ನು ಕೂರಿಸಿದ ಕೆಲವು ದಿನ ಎಲ್ಲವೂ ಸರಿಯಾದಂತೆ ಕಾಣುತ್ತದೆ. ಆಮೇಲೆ ಅದೇ ದೂರು, ಅದೇ ಸದ್ದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎನ್ನುವ ಗಾದೆ ನಮ್ಮ ಕಸುಬಿನವರನ್ನು ನೋಡಿಯೇ ಹುಟ್ಟಿರಬೇಕು.

ನಾನು ಮೊಬೈಲ್ ಕ್ರೇನ್‌ಗಳ ಹೈಡ್ರಾಲಿಕ್ ದುರಸ್ತಿ ಮಾಡುವವನು. ಸತ್ತ ಪಂಪುಗಳನ್ನು ಬೆಂಚಿನ ಮೇಲೆ ತೆರೆದು ನೋಡುತ್ತಾ ಬಂದ ಮೇಲೆ ನನಗೊಂದು ಅಭ್ಯಾಸ ಅಂಟಿಕೊಂಡಿದೆ. ಪಂಪಿಗೆ ಕೈ ಹಾಕುವ ಮೊದಲು ಅದನ್ನು ತಿರುಗಿಸುವ ಶಾಫ್ಟನ್ನೂ ಅದಕ್ಕೆ ಎಣ್ಣೆ ಕೊಡುವ ಹೋಸನ್ನೂ ನೋಡುತ್ತೇನೆ. ಇಲ್ಲಿ ಬರೆಯುತ್ತಿರುವುದು ಹಾಗೆ ನೋಡಿ ಸರಿಪಡಿಸಿದ ಒಂದು ಟ್ರಕ್ ಕ್ರೇನಿನ ಕಥೆ.

ಅದು ಟೆಲಿಸ್ಕೋಪಿಕ್ ಬೂಮ್ ಇರುವ ಹಳೆಯ ಮಾದರಿ. ಟ್ರಕ್ಕಿನ ಗೇರ್‌ಬಾಕ್ಸಿನ ಪಕ್ಕದಲ್ಲಿ ಪಿಟಿಒ, ಅಂದರೆ ಎಂಜಿನ್ನಿನ ಶಕ್ತಿಯನ್ನು ಚಕ್ರಗಳಿಗೆ ಹೋಗದಂತೆ ಪಕ್ಕಕ್ಕೆ ತೆಗೆದುಕೊಳ್ಳುವ ಗೇರ್ ಜೋಡಣೆ. ಅಲ್ಲಿಂದ ಚಿಕ್ಕದೊಂದು ಪ್ರೊಪೆಲ್ಲರ್ ಶಾಫ್ಟು. ಅದರ ಇನ್ನೊಂದು ತುದಿಯಲ್ಲಿ, ಚಾಸಿಗೆ ಬೋಲ್ಟ್ ಮಾಡಿದ ಬ್ರಾಕೆಟ್ಟಿನ ಮೇಲೆ ಮೂರು ವಿಭಾಗಗಳ ಗೇರ್ ಪಂಪು. ಮೊದಲ ವಿಭಾಗ ಒಂದು ಸುತ್ತಿಗೆ 80 ಸಿಸಿ ಎಣ್ಣೆ ತಳ್ಳುತ್ತದೆ, ಎರಡನೆಯದು 63, ಮೂರನೆಯದು 32. ಬೂಮ್, ಹಗ್ಗ ಸುತ್ತುವ ವಿಂಚ್, ಮೇಲ್ಭಾಗ ತಿರುಗಿಸುವ ಸ್ವಿಂಗ್, ನೆಲಕ್ಕೆ ಊರುವ ಕಾಲುಗಳಾದ ಔಟ್‌ರಿಗರ್ ಎಲ್ಲವೂ ಈ ಮೂರರಿಂದಲೇ ನಡೆಯಬೇಕು.

ಚಾಲಕ ಎರಡು ದೂರು ಹೇಳಿದ. “ಬೆಳಿಗ್ಗೆ ಹಾಕಿದ ಕೂಡಲೇ ಕರಕರ ಎನ್ನುತ್ತದೆ ಸಾರ್. ಮಧ್ಯಾಹ್ನ ಸದ್ದು ಕಡಿಮೆ, ಆದರೆ ಬೂಮ್ ಏಳುವುದಕ್ಕೆ ಒಲ್ಲೆ ಎನ್ನುತ್ತದೆ.” ಜೊತೆಗೆ ಪಂಪಿನ ಮುಂಭಾಗದ ಆಯಿಲ್ ಸೀಲ್ ಪದೇ ಪದೇ ಸೋರುತ್ತಿತ್ತು. ನನಗಿಂತ ಮುಂಚೆ ಬಂದವರು ಪಂಪನ್ನೇ ಬದಲಿಸಿದ್ದರು, ಸೀಲನ್ನಂತೂ ಲೆಕ್ಕವಿಲ್ಲದಷ್ಟು ಸಲ.

ತಣ್ಣಗಿದ್ದಾಗ ಸದ್ದು, ಬಿಸಿಯಾದಾಗ ನಿಧಾನ. ಇವೆರಡನ್ನೂ ಒಟ್ಟಿಗೆ ಕೇಳಿದರೆ ಅರ್ಧ ರೋಗ ಅಲ್ಲೇ ತಿಳಿಯುತ್ತದೆ. ತಣ್ಣಗಿನ ಎಣ್ಣೆ ಗಟ್ಟಿ. ಪಂಪಿಗೆ ಬರುವ ದಾರಿ ಇಕ್ಕಟ್ಟಾಗಿದ್ದರೆ ಅದು ಸಾಕಷ್ಟು ಬೇಗ ಬಂದು ತುಂಬುವುದಿಲ್ಲ. ಒಳಗೆ ನಿರ್ವಾತ ಹೆಚ್ಚಿ ಗುಳ್ಳೆಗಳು ಹುಟ್ಟುತ್ತವೆ, ಒತ್ತಡದ ಕಡೆಗೆ ಹೋದ ಕೂಡಲೇ ಒಡೆಯುತ್ತವೆ. ಕರಕರ ಸದ್ದು ಅದೇ. ಒಡೆಯುವ ಗುಳ್ಳೆ ಲೋಹವನ್ನು ಕೆತ್ತುತ್ತಾ ಹೋಗುತ್ತದೆ. ಹಾಗೆ ಕೆತ್ತಿದ ಜಾಗದಿಂದ, ಎಣ್ಣೆ ಬಿಸಿಯಾಗಿ ತೆಳುವಾದ ಮೇಲೆ, ಒಳಗೊಳಗೇ ಸೋರಿಕೆ ಶುರುವಾಗುತ್ತದೆ. ಬೆಳಗಿನ ಸದ್ದೇ ಮಧ್ಯಾಹ್ನದ ನಿಧಾನಗತಿಗೆ ಕಾರಣ. ಸೀಲಿನ ವಿಷಯ ಮಾತ್ರ ಬೇರೆ ಇರಬಹುದು ಎನ್ನಿಸಿತು.

ಊಹೆಯ ಮೇಲೆ ಸ್ಪ್ಯಾನರ್ ಹಿಡಿಯುವುದು ನನಗೆ ಇಷ್ಟವಿಲ್ಲ. ಮೊದಲು ಪಂಪು ನಿಜವಾಗಿ ಎಷ್ಟು ವೇಗದಲ್ಲಿ ತಿರುಗುತ್ತಿದೆ ಎಂದು ನೋಡಿದೆ. ಶಾಫ್ಟಿನ ಮೇಲೆ ಪ್ರತಿಫಲಿಸುವ ಪಟ್ಟಿ ಅಂಟಿಸಿ, ಎಂಜಿನ್ ಹಾಕಿದ ಮೇಲೆ ದೂರ ನಿಂತು ಟ್ಯಾಕೋಮೀಟರ್ ಹಿಡಿದರೆ ಸಾಕು. ಪಿಟಿಒ ಅನುಪಾತ 1.2 ಇದ್ದುದರಿಂದ ಎಂಜಿನ್ ನಿಮಿಷಕ್ಕೆ 1500 ಸುತ್ತಿನಲ್ಲಿದ್ದಾಗ ಪಂಪು 1800 ತಿರುಗಬೇಕು. ತಿರುಗುತ್ತಿತ್ತು. ಭಾರ ಬಿದ್ದಾಗಲೂ ಎಂಜಿನ್ ಹೆಚ್ಚು ಕುಸಿಯಲಿಲ್ಲ. ಕ್ಲಚ್ ಜಾರುತ್ತಿಲ್ಲ, ಎಂಜಿನ್ನಿನ ವೇಗ ಕಾಯುವ ಗವರ್ನರ್ ಸರಿಯಿದೆ ಎಂದಾಯಿತು.

ಆಮೇಲೆ 80 ಸಿಸಿ ವಿಭಾಗದ ಔಟ್‌ಲೆಟ್ಟಿಗೆ ಫ್ಲೋ ಮೀಟರ್ ಜೋಡಿಸಿದೆ. ಲೆಕ್ಕ ಸುಲಭ: 80 ಸಿಸಿಯನ್ನು 1800ರಿಂದ ಗುಣಿಸಿ ಸಾವಿರದಿಂದ ಭಾಗಿಸಿದರೆ ನಿಮಿಷಕ್ಕೆ 144 ಲೀಟರ್. ಒತ್ತಡವೇ ಇಲ್ಲದಾಗ ಬಂದದ್ದು 129. ಮೀಟರಿನ ಲೋಡ್ ವಾಲ್ವನ್ನು ತಿರುಗಿಸಿ ಒತ್ತಡವನ್ನು 200 ಬಾರ್ ಮಾಡಿದಾಗ 98. ಈ ಎರಡು ಅಂಕಿಗಳನ್ನು ಬಿಡಿಸಿ ಓದಬೇಕು. ಒತ್ತಡ ಏರಿದಾಗ ಹರಿವು ಕುಸಿದರೆ ಪಂಪಿನ ಒಳಗೆ ಸವೆತವಿದೆ. ಒತ್ತಡವಿಲ್ಲದಾಗಲೇ ಹರಿವು ಕಡಿಮೆಯಿದ್ದರೆ ಪಂಪಿಗೆ ಎಣ್ಣೆ ಪೂರ್ತಿ ಬರುತ್ತಿಲ್ಲ ಎಂದರ್ಥ. ಇಲ್ಲಿ ಎರಡೂ ಇದ್ದವು. ಸವೆತಕ್ಕೆ ಹೊಸ ಪಂಪು ಉತ್ತರ. ಎಣ್ಣೆ ಬಾರದ್ದಕ್ಕೆ ಹೊಸ ಪಂಪು ಏನು ಮಾಡೀತು?

ಮುಂಚೆ ಬಂದವರು ಒತ್ತಡ ಮಿತಿ ಮೀರದಂತೆ ಎಣ್ಣೆಯನ್ನು ಹೊರಬಿಡುವ ರಿಲೀಫ್ ವಾಲ್ವನ್ನು ಬಿಗಿ ಮಾಡಿಯೂ ನೋಡಿದ್ದರು. ಫಲಕದ ಮೇಲೆ 210 ಬಾರ್ ಎಂದಿದ್ದರೆ ಗೇಜು 235 ತೋರಿಸುತ್ತಿತ್ತು. ಇದು ನನಗೆ ಸಿಟ್ಟು ಬರಿಸುವ ಕೆಲಸ. ವೇಗ ಕೊಡುವುದು ಹರಿವು, ಎತ್ತುವ ಬಲ ಕೊಡುವುದು ಒತ್ತಡ. ನಿಧಾನವಾದ ಕ್ರೇನಿಗೆ ಒತ್ತಡ ಏರಿಸಿದರೆ ವೇಗ ಬರುವುದಿಲ್ಲ. ತಯಾರಕರು ಬೂಮಿಗೂ ಸಿಲಿಂಡರಿಗೂ ಹಾಕಿದ ಮಿತಿ ಮಾತ್ರ ಮುರಿಯುತ್ತದೆ.

ಬಿಚ್ಚುವ ಮುನ್ನ ಬೂಮನ್ನು ಪೂರ್ತಿ ಒಳಗೆಳೆದು ಅದರ ಆಸರೆಯ ಮೇಲೆ ಮಲಗಿಸಿ, ಎಂಜಿನ್ ನಿಲ್ಲಿಸಿ, ಎಲ್ಲ ಲಿವರ್‌ಗಳನ್ನೂ ಆಡಿಸಿ ಉಳಿದ ಒತ್ತಡ ಬಿಟ್ಟೆ. ಕೀಲಿ ನನ್ನ ಜೇಬಿನಲ್ಲಿ. ಶಾಫ್ಟಿನ ಬಳಿ ಕೈ ಇರುವಾಗ ಕ್ಯಾಬಿನ್ನಿನಲ್ಲಿ ಯಾರೂ ಇರಬಾರದು. ಸೋರಿಕೆ ಹುಡುಕಲು ಬೆರಳು ಆಡಿಸುವವರಿಗೆ ಒಂದು ಮಾತು: ಸೂಜಿಮೊನೆಯಷ್ಟು ತೂತಿನಿಂದ 200 ಬಾರ್‌ನಲ್ಲಿ ಚಿಮ್ಮುವ ಎಣ್ಣೆ ಚರ್ಮ ತೂರಿ ಒಳಗೆ ಹೋಗುತ್ತದೆ. ಹೊರಗೆ ಕಾಣುವುದು ಸಣ್ಣ ಚುಕ್ಕೆ, ಆದರೆ ತಡಮಾಡಿದರೆ ಬೆರಳನ್ನೇ ಕತ್ತರಿಸಬೇಕಾದೀತು. ರಟ್ಟಿನ ತುಂಡು ಹಿಡಿದು ನೋಡಿ.

ಶಾಫ್ಟಿನ ಕೋನಗಳನ್ನು ಬಿಚ್ಚುವ ಮೊದಲೇ ಅಳೆಯಬೇಕು, ಬಿಚ್ಚಿದ ಮೇಲೆ ಸಾಕ್ಷ್ಯ ಉಳಿಯುವುದಿಲ್ಲ. ಡಿಜಿಟಲ್ ಆಂಗಲ್ ಗೇಜನ್ನು ಪಿಟಿಒ ಫ್ಲಾಂಜಿಗೂ ಶಾಫ್ಟಿನ ಕೊಳವೆಗೂ ಪಂಪಿನ ಫ್ಲಾಂಜಿಗೂ ಇಟ್ಟೆ. ಪಿಟಿಒ ಹಿಂದಕ್ಕೆ 3 ಡಿಗ್ರಿ ಇಳಿಜಾರು, ಶಾಫ್ಟು 9 ಡಿಗ್ರಿ, ಪಂಪು ಮಾತ್ರ ನೆಟ್ಟಗೆ ಸೊನ್ನೆ. ಶಾಫ್ಟಿನ ಎರಡೂ ತುದಿಯಲ್ಲಿ ಅದು ಓರೆಯಾಗಿಯೂ ತಿರುಗುವಂತೆ ಮಾಡುವ ಕೀಲು ಇರುತ್ತದೆ, ಅದೇ ಯೂನಿವರ್ಸಲ್ ಜಾಯಿಂಟು. ಅಂದರೆ ಮುಂದಿನ ಜಾಯಿಂಟಿನಲ್ಲಿ 6 ಡಿಗ್ರಿ, ಹಿಂದಿನದರಲ್ಲಿ 9. ಯಾರೋ ಬ್ರಾಕೆಟ್ಟನ್ನು ಬೆಸುಗೆ ಹಾಕಿ ಸರಿಮಾಡುವಾಗ ರಸಮಟ್ಟ ಇಟ್ಟು ಸಮತಟ್ಟಾಗಿ ಕೂರಿಸಿದ್ದರು. ಕಣ್ಣಿಗೆ ಅಂದವಾಗಿಯೇ ಇತ್ತು.

ಯೂನಿವರ್ಸಲ್ ಜಾಯಿಂಟು ಕೋನದಲ್ಲಿ ತಿರುಗುವಾಗ ಒಂದೇ ವೇಗವನ್ನು ದಾಟಿಸುವುದಿಲ್ಲ. ಒಂದು ಸುತ್ತಿನಲ್ಲಿ ಎರಡು ಸಲ ಮುಂದೋಡುತ್ತದೆ, ಎರಡು ಸಲ ಹಿಂದುಳಿಯುತ್ತದೆ. 10 ಡಿಗ್ರಿಗೆ ಈ ಏರುಪೇರು ಸುಮಾರು ಶೇಕಡಾ 1.5ರಷ್ಟು ಮೇಲೆ ಕೆಳಗೆ, 15 ಡಿಗ್ರಿಗೆ ಶೇಕಡಾ 3.5. ಎರಡು ತುದಿಯ ಜಾಯಿಂಟುಗಳ ಕೋನ ಸಮನಾಗಿದ್ದು, ಶಾಫ್ಟಿನ ತುದಿಗಳಲ್ಲಿ ಜಾಯಿಂಟನ್ನು ಹಿಡಿಯುವ ಎರಡೂ ಕವಲುಗಳು, ಅಂದರೆ ಯೋಕ್‌ಗಳು, ಒಂದೇ ಸಮತಲದಲ್ಲಿದ್ದರೆ ಮೊದಲನೆಯದು ಮಾಡಿದ್ದನ್ನು ಎರಡನೆಯದು ಅಳಿಸಿಹಾಕುತ್ತದೆ. ಇಲ್ಲದಿದ್ದರೆ ಉಳಿದದ್ದೆಲ್ಲ ಪಂಪಿನ ಶಾಫ್ಟಿಗೆ ಬಡಿಯುತ್ತದೆ. 1800 ಸುತ್ತಿನಲ್ಲಿ ಅದು ಸೆಕೆಂಡಿಗೆ 60 ಬಡಿತ.

ಯೋಕ್‌ಗಳನ್ನು ನೋಡಿದೆ. ಅವೂ ಒಂದೇ ಸಮತಲದಲ್ಲಿ ಇರಲಿಲ್ಲ. ಶಾಫ್ಟಿನ ನಡುವೆ ಉದ್ದ ಹೊಂದಿಕೊಳ್ಳಲೆಂದು ಒಂದರೊಳಗೊಂದು ಜಾರುವ ಹಲ್ಲಿನ ಜೋಡಣೆ, ಸ್ಪ್ಲೈನ್, ಇರುತ್ತದಲ್ಲ, ಅದನ್ನು ಬಿಚ್ಚಿ ಮತ್ತೆ ಸೇರಿಸುವಾಗ ಒಂದು ಹಲ್ಲು ತಪ್ಪಿಸಿದ್ದರು. 16 ಹಲ್ಲಿನ ಸ್ಪ್ಲೈನಿನಲ್ಲಿ ಒಂದು ಹಲ್ಲು ಎಂದರೆ 22.5 ಡಿಗ್ರಿ. ತಯಾರಕರು ಕೊಟ್ಟ ಬಾಣದ ಗುರುತುಗಳು ಬಣ್ಣದ ಪದರದಡಿ ಮುಚ್ಚಿಹೋಗಿದ್ದವು. ತಂತಿಬ್ರಷ್ಷಿನಿಂದ ಉಜ್ಜಿದಾಗ ಹೊರಬಂದವು.

ಸ್ಪ್ಲೈನನ್ನು ಎಳೆದು ತೆಗೆದರೆ ಗ್ರೀಸಿನ ಹೆಸರೇ ಇಲ್ಲ. ಹಲ್ಲುಗಳ ನಡುವೆ ಕೆಂಪು ಪುಡಿ. ಇದು ಮಳೆನೀರಿನ ತುಕ್ಕಲ್ಲ. ಒಣ ಲೋಹ ಲೋಹಕ್ಕೆ ಸೂಕ್ಷ್ಮವಾಗಿ ಉಜ್ಜುತ್ತಾ ಹೋದಾಗ ಹುಟ್ಟುವ ಪುಡಿ, ಬೆರಳಲ್ಲಿ ತೀಡಿದರೆ ಅರಿಶಿನ ಕುಂಕುಮದ ಹಾಗೆ ನುಣ್ಣಗೆ ಹತ್ತುತ್ತದೆ. ಸೀಲ್ ಏಕೆ ಉಳಿಯುತ್ತಿರಲಿಲ್ಲ ಎಂಬುದಕ್ಕೆ ಉತ್ತರ ಇಲ್ಲಿತ್ತು. ಮೂರೂ ವಿಭಾಗಗಳು 210 ಬಾರ್‌ನಲ್ಲಿ ಒಟ್ಟಿಗೆ ದುಡಿದರೆ ಶಾಫ್ಟಿನ ಮೇಲಿನ ಟಾರ್ಕ್ ಎಷ್ಟು? ಒಟ್ಟು 175 ಸಿಸಿಯನ್ನು 210ರಿಂದ ಗುಣಿಸಿ 62.8ರಿಂದ ಭಾಗಿಸಿ: 585 ನ್ಯೂಟನ್ ಮೀಟರ್. ಅಷ್ಟು ತಿರುಚು ಬಲದಡಿ ಒಣ ಸ್ಪ್ಲೈನ್ ಜಾರದೆ ಕಚ್ಚಿಕೊಳ್ಳುತ್ತದೆ. ಘರ್ಷಣೆಯ ಗುಣಾಂಕ 0.2, ಸ್ಪ್ಲೈನಿನ ತ್ರಿಜ್ಯ 25 ಮಿಲಿಮೀಟರ್ ಎಂದಿಟ್ಟುಕೊಂಡರೆ ಅದು ಜಾರುವ ಮೊದಲು ಉದ್ದಕ್ಕೆ ಸುಮಾರು 4,700 ನ್ಯೂಟನ್ ತಳ್ಳಬಹುದು, ಹತ್ತಿರ ಹತ್ತಿರ 480 ಕಿಲೋಗ್ರಾಂ ಭಾರ. ಚಾಸಿ ತುಸು ಬಾಗಿದಾಗಲೆಲ್ಲ ಆ ತಳ್ಳು ನೇರವಾಗಿ ಪಂಪಿನ ಶಾಫ್ಟಿಗೆ. ಗೇರ್ ಪಂಪಿನ ಶಾಫ್ಟು ತಿರುಗಲು ಮಾಡಿದ್ದು, ಹೀಗೆ ಉದ್ದಕ್ಕೆ ನೂಕಿಸಿಕೊಳ್ಳಲು ಮಾಡಿದ್ದಲ್ಲ.

ಬ್ರಾಕೆಟ್ಟಿನಡಿ ಉಕ್ಕಿನ ತೆಳು ತುಂಡು, ಅಂದರೆ ಶಿಮ್, ಕೊಟ್ಟು ಪಂಪನ್ನು 3 ಡಿಗ್ರಿ ವಾಲಿಸಿದೆ. ಈಗ ಎರಡೂ ಕಡೆ 6 ಡಿಗ್ರಿ. ಮೇಲಿಂದ ನೋಡಿದಾಗ ಪಕ್ಕಕ್ಕೂ ಕೋನವಿದೆಯೇ ಎಂದು ದಾರ ಕಟ್ಟಿ ಪರೀಕ್ಷಿಸಿದೆ, ಇರಲಿಲ್ಲ. ಜಾಯಿಂಟುಗಳ ನಡುವೆ ಕೂಡು ಚಿಹ್ನೆಯ ಆಕಾರದಲ್ಲಿರುವ ಎರಡು ಕ್ರಾಸ್‌ಗಳೂ ಹೊಸವು. ಸ್ಪ್ಲೈನ್ ಸವೆದಿದ್ದರಿಂದ ಶಾಫ್ಟನ್ನೇ ಹೊಸದಾಗಿ ಮಾಡಿಸಿ ಬ್ಯಾಲೆನ್ಸ್ ಮಾಡಿಸಿದೆ. ಕೋನ ಸೊನ್ನೆ ಇದ್ದರೆ ಇನ್ನೂ ಒಳ್ಳೆಯದಲ್ಲವೇ ಎಂದು ಕೆಲವರು ಕೇಳುತ್ತಾರೆ. ಪೂರ್ತಿ ನೇರವಾಗಿದ್ದರೆ ಕ್ರಾಸಿನ ಸೂಜಿ ಬೇರಿಂಗುಗಳು ಹೊರಳುವುದೇ ಇಲ್ಲ, ನಿಂತಲ್ಲೇ ಗುಳಿ ಬೀಳುತ್ತದೆ. ಒಂದೆರಡು ಡಿಗ್ರಿಯಾದರೂ ಬೇಕು. ಈ ವೇಗಕ್ಕೆ 10 ದಾಟಬಾರದು.

ಇನ್ನು ಸಕ್ಷನ್, ಅಂದರೆ ಪಂಪು ಎಣ್ಣೆ ಹೀರುವ ದಾರಿ. ಪಂಪಿನ ಬಾಯಿಗೆ ವ್ಯಾಕ್ಯೂಮ್ ಗೇಜ್ ಹಾಕಿ ಬೆಳಗಿನ ತಣ್ಣಗಿನ ಎಣ್ಣೆಯಲ್ಲಿ ನೋಡಿದಾಗ 0.45 ಬಾರ್ ನಿರ್ವಾತ ಸಿಕ್ಕಿತ್ತು. ಗೇರ್ ಪಂಪಿಗೆ 0.2 ದಾಟಿದರೆ ನನಗೆ ಸಮಾಧಾನವಿಲ್ಲ. ಟ್ಯಾಂಕಿನಿಂದ ಬರುವ ಹೋಸ್ 2 ಇಂಚಿನದು, ಅದರ ಫಿಟಿಂಗ್ ಮಾತ್ರ 3 ಇಂಚಿನಿಂದ ಇಳಿಸಿದ್ದು. ಮೂಲ ಹೋಸ್ ಹಾಳಾದಾಗ ಸಿಕ್ಕಿದ್ದನ್ನು ಹಾಕಿದ್ದರು. ಮೂರು ವಿಭಾಗ ಸೇರಿ ನಿಮಿಷಕ್ಕೆ 315 ಲೀಟರ್ ಕುಡಿಯುವ ಪಂಪಿಗೆ 2 ಇಂಚಿನ ಹೋಸಿನಲ್ಲಿ ಎಣ್ಣೆ ಸೆಕೆಂಡಿಗೆ 2.6 ಮೀಟರ್ ಓಡಬೇಕು. ಸಕ್ಷನ್ನಿನಲ್ಲಿ 1 ಮೀಟರಿನ ಆಸುಪಾಸು ಇರಬೇಕೆಂಬುದು ವಾಡಿಕೆ. 3 ಇಂಚು ಹಾಕಿದರೆ 1.15 ಆಗುತ್ತದೆ. ಒಳಗೆ ತಂತಿಸುರುಳಿ ಇರುವ ಸಕ್ಷನ್ ಹೋಸನ್ನೇ ಹಾಕಿದೆ, ಇಲ್ಲವಾದರೆ ನಿರ್ವಾತಕ್ಕೆ ಒಳಗೇ ಅಪ್ಪಚ್ಚಿಯಾಗುತ್ತದೆ. ಟ್ಯಾಂಕಿನಲ್ಲಿ ಎಣ್ಣೆ ಸೋಸುವ ಸ್ಟ್ರೈನರ್ ಅರ್ಧ ಕಟ್ಟಿಕೊಂಡಿತ್ತು. ಟ್ಯಾಂಕಿಗೆ ಗಾಳಿ ಬಿಡುವ ಬ್ರೀದರ್ ಕೂಡ ಮಣ್ಣು ಹಿಡಿದಿತ್ತು. ಎರಡನ್ನೂ ಬದಲಿಸಿದೆ.

ಹಳೆಯ ಪಂಪಿನಲ್ಲಿ ಗೇರುಗಳ ಪಕ್ಕಕ್ಕೆ ಕೂರುವ ವೇರ್ ಪ್ಲೇಟಿನ ಮೇಲೆ ಗುಳ್ಳೆ ಕೆತ್ತಿದ ಕುಳಿಗಳಿದ್ದವು, ಹಾಗಾಗಿ ಹೊಸ ಪಂಪು ಅನಿವಾರ್ಯವಾಗಿತ್ತು. ಕೂರಿಸುವ ಮೊದಲು ಅದರ ಬಾಯಿಗೆ ಎಣ್ಣೆ ಸುರಿದು ಕೈಯಿಂದ ತಿರುಗಿಸಿದೆ. ಒಣ ಪಂಪನ್ನು ಎಂಜಿನ್ನಿಗೆ ಕೊಟ್ಟರೆ ಮೊದಲ ನಿಮಿಷದಲ್ಲೇ ಅದರ ಆಯುಸ್ಸು ಅರ್ಧ ಹೋದಂತೆ. ಎಂಜಿನ್ ಐಡಲ್‌ನಲ್ಲಿ, ಕ್ಲಚ್ ಒತ್ತಿ, ಪಿಟಿಒ ಸೇರಿಸಿ, ನಿಧಾನವಾಗಿ ಕ್ಲಚ್ ಬಿಟ್ಟೆ. ಭಾರವಿಲ್ಲದೆ ಓಡಲು ಬಿಟ್ಟು ಟ್ಯಾಂಕಿನ ಗಾಜಿನಲ್ಲಿ ನೋಡುತ್ತಾ ಕುಳಿತೆ. ಮೊದಲು ಎಣ್ಣೆ ಹಾಲಿನಂತೆ ಬೆಳ್ಳಗಾಯಿತು, ಗಾಳಿ ಬಿಡುತ್ತಾ ಬಂದಂತೆ ತಿಳಿಯಾಯಿತು. ಆಮೇಲೆ ಸಿಲಿಂಡರುಗಳನ್ನು ಒಂದೊಂದಾಗಿ ಭಾರವಿಲ್ಲದೆ ಆಡಿಸಿ, ಒತ್ತಡವನ್ನು ಹಂತಹಂತವಾಗಿ ಏರಿಸಿ, ರಿಲೀಫ್ ವಾಲ್ವನ್ನು 210ಕ್ಕೆ ಇಳಿಸಿ ಸೀಲು ಹಾಕಿದೆ.

ಮತ್ತೆ ಅಳೆದಾಗ ಒತ್ತಡವಿಲ್ಲದೆ 142 ಲೀಟರ್, 200 ಬಾರ್‌ನಲ್ಲಿ 132. ಬೆಳಗಿನ ತಣ್ಣಗಿನ ಎಣ್ಣೆಯಲ್ಲಿ ನಿರ್ವಾತ 0.12. ಸದ್ದು ಹೋಯಿತು. ಎಣ್ಣೆ ಚೆನ್ನಾಗಿ ಬಿಸಿಯಾದ ಮೇಲೆ ಎಂಜಿನ್ ನಿಲ್ಲಿಸಿ ಶಾಫ್ಟಿನ ಬೋಲ್ಟುಗಳನ್ನು ಟಾರ್ಕ್ ವ್ರೆಂಚಿನಿಂದ ಮತ್ತೊಮ್ಮೆ ಬಿಗಿ ಮಾಡಿದೆ. ಎರಡು ಕ್ರಾಸ್ ಮತ್ತು ಸ್ಪ್ಲೈನ್, ಮೂರು ನಿಪ್ಪಲ್‌ಗಳಿಗೂ ಹಳದಿ ಬಣ್ಣ ಬಳಿದು ಚಾಲಕನಿಗೆ ತೋರಿಸಿದೆ. ಗ್ರೀಸ್ ಹಾಕುವವನಿಗೆ ನಿಪ್ಪಲ್ ಕಾಣಬೇಕು, ಕಾಣದಿದ್ದರೆ ಹಾಕುವುದಿಲ್ಲ.

ಹೊಸ ಆಲ್ ಟೆರೇನ್ ಕ್ರೇನ್‌ಗಳಲ್ಲಿ ಇಂಥ ಪ್ರೊಪೆಲ್ಲರ್ ಶಾಫ್ಟು ಬಹುಮಟ್ಟಿಗೆ ಇಲ್ಲ. ಎಂಜಿನ್ನಿಗೆ ಕಂಪನ ತಡೆಯುವ ಕಪ್ಲಿಂಗ್ ಮೂಲಕ ಪಂಪ್ ಡ್ರೈವ್ ಗೇರ್‌ಬಾಕ್ಸ್ ಜೋಡಿಸಿ, ಅದರ ಮುಖದ ಮೇಲೆ ಹಲವು ಪಂಪುಗಳನ್ನು ಕೂರಿಸಿರುತ್ತಾರೆ. ಪಂಪುಗಳು ಆಕ್ಸಿಯಲ್ ಪಿಸ್ಟನ್, ಬೇಕಾದಷ್ಟೇ ಎಣ್ಣೆ ಕೊಡುವಂಥವು. ಅಲ್ಲೂ ಸ್ಪ್ಲೈನ್ ಇದೆ, ಅಲ್ಲೂ ಕೆಂಪು ಪುಡಿ ಬರುತ್ತದೆ, ಹಾಗಾಗಿ ಪಂಪು ಬಿಚ್ಚಿದಾಗ ಮೊದಲು ನೋಡುವುದು ಅದನ್ನೇ. ಪಿಸ್ಟನ್ ಪಂಪಿನ ಸವೆತ ಅದರ ಕೇಸ್ ಡ್ರೈನ್ ಹೋಸಿನಲ್ಲಿ ಗೊತ್ತಾಗುತ್ತದೆ. ಅಲ್ಲಿಂದ ಟ್ಯಾಂಕಿಗೆ ಮರಳುವ ಎಣ್ಣೆ ಹೆಚ್ಚುತ್ತಾ ಹೋದರೆ ಒಳಗಿನ ಸೋರಿಕೆ ಹೆಚ್ಚುತ್ತಿದೆ. ಹೊಸ ಪಿಸ್ಟನ್ ಪಂಪಿನ ಕೇಸಿಗೆ ಎಣ್ಣೆ ತುಂಬದೆ ಎಂಜಿನ್ ಹಾಕಲೇಬಾರದು.

ಇನ್ನೊಂದು ಪರೀಕ್ಷೆಗೆ ಯಾವ ಗೇಜೂ ಬೇಡ. ಪಂಪಿನ ಶಾಫ್ಟ್ ಸೀಲ್ ಹೋದರೆ ಈ ಜೋಡಣೆಯಲ್ಲಿ ಎಣ್ಣೆ ನೆಲಕ್ಕೆ ಸೋರುವುದಿಲ್ಲ, ಗೇರ್‌ಬಾಕ್ಸಿನೊಳಗೆ ಇಳಿಯುತ್ತದೆ. ಟ್ಯಾಂಕಿನಲ್ಲಿ ಎಣ್ಣೆ ಕಡಿಮೆಯಾಗುತ್ತಿದೆ, ಹೊರಗೆಲ್ಲೂ ಸೋರಿಕೆಯಿಲ್ಲ ಎಂದು ದೂರು ಬಂದರೆ ನಾನು ಪಂಪ್ ಗೇರ್‌ಬಾಕ್ಸಿನ ಡಿಪ್‌ಸ್ಟಿಕ್ ಎಳೆಯುತ್ತೇನೆ. ಮಟ್ಟ ಏರಿ, ಎಣ್ಣೆ ತೆಳುವಾಗಿದ್ದರೆ ಅಲ್ಲಿಗೆ ಹುಡುಕಾಟ ಮುಗಿಯಿತು. ಹಾಗೆ ಸಿಕ್ಕಾಗ ಸೀಲ್ ಬದಲಿಸಿ ಗೇರ್ ಎಣ್ಣೆಯನ್ನೂ ಪೂರ್ತಿ ಬದಲಿಸಬೇಕು, ಜೊತೆಗೆ ಕೇಸ್ ಡ್ರೈನ್ ಹೋಸ್ ಎಲ್ಲಿಯಾದರೂ ಮಡಿಚಿಕೊಂಡು ಕೇಸಿನ ಒತ್ತಡ ಏರಿಸುತ್ತಿದೆಯೇ ಎಂದು ನೋಡಬೇಕು.